ಹಿಂದಿನ ಸೀಟಿನಿಂದ ವಿಮೋಚನೆ

ಗಲ್ಫಿನಲ್ಲಿ ಅರ್ಧ ಆಯುಷ್ಯ ಸವೆಸಿ ಊರಿಗೆ ಮರಳಿದ ಗಂಡಸಿಗೆ ಏನು ಬೇಕು ಹೇಳಿ? ಒಂದು ಆರಾಮ ಕುರ್ಚಿ, ಹೊತ್ತು ಹೊತ್ತಿಗೆ ಮೀನು ಸಾರು, ನಾಲ್ಕು ಜನರೆದುರು ಒಂದಿಷ್ಟು ಮರ್ಯಾದೆ. ಶಿರ್ವದ ಲೂಯಿಸನಿಗೆ ಕುರ್ಚಿ ಸಿಕ್ಕಿತು, ಮೀನು ಸಾರೂ ಸಿಕ್ಕಿತು. ಮರ್ಯಾದೆ ಮಾತ್ರ ಪ್ರತಿ ಆದಿತ್ಯವಾರ ಬೆಳಿಗ್ಗೆ, ಸರಿಯಾಗಿ ಪೂಜೆಯ ಹೊತ್ತಿಗೆ, ಇಡೀ ಊರಿನ ಕ್ರೈಸ್ತರ ಸಮಕ್ಷಮದಲ್ಲಿ ಹರಾಜಾಗುತ್ತಿತ್ತು.

ಕಾರಣ ಇಷ್ಟೇ. ಅವನು ಇಗರ್ಜಿಗೆ ಹೋಗುತ್ತಿದ್ದದ್ದು ಹೆಂಡತಿ ಸೆಲೀನಳ ಸ್ಕೂಟರಿನಲ್ಲಿ. ಹ್ಯಾಂಡಲ್ ಸೆಲೀನಳದು, ಹಾರನ್ ಸೆಲೀನಳದು, ರಸ್ತೆಯೂ ಬಹುತೇಕ ಸೆಲೀನಳದೇ. ಹಿಂದಿನ ಸೀಟಿನಲ್ಲಿ ಲೂಯಿಸ್, ಅವನ ತೊಡೆಯ ಮೇಲೆ ಅವಳ ವ್ಯಾನಿಟಿ ಬ್ಯಾಗು, ಅದರ ಮೇಲೆ ಹಾಡಿನ ಪುಸ್ತಕಗಳ ಕಟ್ಟು. ಸೆಲೀನ್ ಇಗರ್ಜಿಯ ಗಾಯನ ತಂಡದ ಮುಖ್ಯಸ್ಥೆ. ತಾನು ತಲುಪದೆ ಪಾದ್ರಿಗಳು ಶಿಲುಬೆಯ ಗುರುತು ಕೂಡ ಹಾಕಲಾರರು ಎಂಬ ನಂಬಿಕೆಯಲ್ಲಿ ಗಾಡಿ ಬಿಡುವವಳು. ಹಂಪ್ ಬಂದಾಗೆಲ್ಲ ಲೂಯಿಸ್ "ಜೇಸೂ" ಎನ್ನುವುದು, ಅವಳು "ಗಟ್ಟಿ ಹಿಡ್ಕೊಳ್ಳಿ" ಎನ್ನುವುದು. ಇಗರ್ಜಿಯ ಮೆಟ್ಟಿಲ ಮೇಲೆ ನಿಂತಿರುತ್ತಿದ್ದ ಪ್ಯಾಟ್ರಿಶಿಯಾ ಬಾಯಿ ವಾರ ತಪ್ಪದೆ ಕೇಳುತ್ತಿದ್ದಳು, "ಓ ಸೆಲೀನ್, ಗಂಡನನ್ನೂ ಕರ್ಕೊಂಡು ಬಂದೆಯಾ?" ಮಗುವನ್ನು ಬಾಲವಾಡಿಗೆ ಬಿಡಲು ಬಂದವರನ್ನು ಮಾತನಾಡಿಸುವ ಹಾಗೆ.

ಮನೆಯೊಳಗಿನ ಸ್ಥಿತಿಯೂ ಇದಕ್ಕಿಂತ ದೊಡ್ಡದೇನಿರಲಿಲ್ಲ. ಅವನು ಮಸ್ಕತ್ತಿನಲ್ಲಿ ಬೆವರು ಸುರಿಸುತ್ತಿದ್ದಾಗ ಇಲ್ಲಿ ಸೆಲೀನ್ ಮನೆ ಕಟ್ಟಿಸಿದ್ದಳು, ಬಾವಿ ತೋಡಿಸಿದ್ದಳು, ಮಗಳು ರೀನಾಳನ್ನು ಓದಿಸಿ ಮದುವೆಯನ್ನೂ ಮಾಡಿ ಮುಗಿಸಿದ್ದಳು. ಈಗ ಲೂಯಿಸ್ ಒಂದು ಬಲ್ಬು ಬದಲಿಸಲು ಸ್ಟೂಲ್ ಹತ್ತಿದರೆ ಸಾಕು, "ಇರ್ಲಿ, ನೀವು ಕೂತ್ಕೊಳ್ಳಿ, ನಾನು ಮಾಡ್ತೇನೆ" ಎಂದು ಓಡಿ ಬರುತ್ತಿದ್ದಳು. ರಜೆಯಲ್ಲಿ ಬಂದಾಗ ಜೇನಿನಂತಿದ್ದ ಈ ಮಾತು ಖಾಯಂ ಆಗಿ ಬಂದಮೇಲೆ ಮೆಣಸಿನ ಹಾಗೆ ಉರಿಯತೊಡಗಿತು. ತನ್ನದೇ ಮನೆಯಲ್ಲಿ ನೆಂಟನ ಹಾಗೆ ಕೂತು ಕೂತು ಅವನಿಗೆ ಸಾಕೋ ಸಾಕಾಗಿತ್ತು. ಕೊನೆಗೆ ಒಂದು ಮಹಾಸಂಕಲ್ಪ ಮಾಡಿದ. ಸೆಲೀನಳನ್ನು ತನ್ನ ಬೆನ್ನ ಹಿಂದೆ ಕೂರಿಸಿಕೊಂಡು, ತಾನೇ ಓಡಿಸಿಕೊಂಡು, ಪ್ಯಾಟ್ರಿಶಿಯಾ ಬಾಯಿಯ ಕಣ್ಣೆದುರೇ ಇಗರ್ಜಿಯ ಅಂಗಳಕ್ಕೆ ಇಳಿಯಬೇಕು. ಆಗಲೇ ತಾನು ಊರಿಗೆ ಬಂದದ್ದು ಲೆಕ್ಕ.

ಹೊಸ ಬೈಕ್ ತೆಗೆಯಬಹುದಿತ್ತಲ್ಲ ಎನ್ನುತ್ತೀರಿ. ಹೊಸದನ್ನು ಯಾರು ಬೇಕಾದರೂ ತೆಗೆದಾರು! ಹಿತ್ತಿಲ ಶೆಡ್ಡಿನಲ್ಲಿ ಲೂಯಿಸನ ಮದುವೆ ಕಾಲದ ರಾಜದೂತ್ ಇತ್ತು. ಇತ್ತು ಎಂದರೆ, ತೆಂಗಿನ ಮಡಲುಗಳ ಅಡಿಯಲ್ಲಿ ಸಮಾಧಿಸ್ಥವಾಗಿತ್ತು. ಸೀಟಿನಲ್ಲಿ ಇಲಿಗಳ ಸಂಸಾರ, ಹೆಡ್‌ಲೈಟಿನ ಗುಂಡಿಯಲ್ಲಿ ಕೋಳಿಯ ಮೊಟ್ಟೆ. ಲೂಯಿಸ್ ಅದನ್ನು ಎಳೆದು ಕಾರ್ ಪೋರ್ಚಿಗೆ ತಂದು (ಕಾರು ಇಲ್ಲ, ಪೋರ್ಚ್ ಉಂಟು, ಶಿರ್ವದಲ್ಲಿ ಇದು ಸಾಮಾನ್ಯ) ಇಬ್ಬರು ಗೆಳೆಯರಿಗೆ ಫೋನು ಹಚ್ಚಿದ.

ಇಬ್ಬರೂ ಶಾಲೆಯಲ್ಲಿ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತವರು. ಬನ್ನಂಜೆಯ ಶೇಖರ ಬ್ಯಾಂಕಿನಿಂದ ನಿವೃತ್ತನಾದವನು, ಈಗ ಯೂಟ್ಯೂಬ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಕಟಪಾಡಿಯ ಗಣಪ ಮೊದಲು ಬಸ್ಸು, ಈಗ ಆಟೋ ಓಡಿಸುವವನು. ಯಾವ ಇಂಜಿನಿನ ಶಬ್ದ ಕೇಳಿದರೂ ಅದರ ಕಾಯಿಲೆ ಹೇಳಬಲ್ಲೆ ಎಂದು ಅವನ ಹೇಳಿಕೆ. ಈ ಇಂಜಿನು ಶಬ್ದವನ್ನೇ ಮಾಡದ್ದರಿಂದ ಅವನ ವಿದ್ಯೆಗೆ ಸ್ವಲ್ಪ ತೊಡಕಾಯಿತು.

"ಎಂತ ಮಾರಾಯ, ಇದು ಬೈಕಾ, ಬೈಕಿನ ಅಸ್ಥಿಯಾ?" ಎಂದ ಶೇಖರ.

"ನೀನು ಬಾಯಿ ಮುಚ್ಚು. ಉಸಿರುಂಟು ಇದಕ್ಕೆ" ಎಂದು ಗಣಪ ಟ್ಯಾಂಕಿಗೆ ಕಿವಿಗೊಟ್ಟ. ಒಳಗಿದ್ದದ್ದು ಕಣಜದ ಗೂಡು. ಕಿವಿ ವಾರವಿಡೀ ಊದಿಕೊಂಡಿತ್ತು.

ಅಂದಿನಿಂದ ಪೋರ್ಚಿನಲ್ಲಿ ದಿನವೂ ಹಬ್ಬ. ಬೈಕು ಬಿಚ್ಚಿದಷ್ಟೂ ಹರಡಿಕೊಂಡಿತು. ನಟ್ಟುಗಳು ಸೆಲೀನಳ ಉಪ್ಪಿನಕಾಯಿ ಭರಣಿ ಸೇರಿದವು, ಕಾರ್ಬುರೇಟರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಲಾಯಿತು (ಯಾರ ಬ್ರಷ್ಷೆಂದು ಲೂಯಿಸ್ ಇಂದಿಗೂ ಬಾಯಿಬಿಟ್ಟಿಲ್ಲ). ಚೈನನ್ನು ಗ್ರೀಸಿನಲ್ಲಿ ಕುದಿಸಬೇಕೆಂದು ಗಣಪ ಹೇಳಿದ್ದರಿಂದ ಸಾನ್ನಾ ಎಂಬ ನಮ್ಮ ಇಡ್ಲಿ ಬೇಯಿಸುವ ಪಾತ್ರೆಯೇ ಒಲೆಗೇರಿತು. ಆ ದಿನ ಸೆಲೀನಳ ದನಿ ಅಡುಗೆಮನೆಯಿಂದ ಗದ್ದೆಯಾಚೆಗೂ ಕೇಳಿತು.

"ಓ ರೀನಾನ ಪಪ್ಪಾ! ನಾಳೆ ಸಾನ್ನಾಕ್ಕೆ ಹಂದಿ ಮಾಂಸದ ಬದಲು ಇಂಜಿನ್ ಆಯಿಲ್ ಬಡಿಸ್ಲಾ?"

"ತೊಳೆದು ಕೊಡ್ತೇವೆ ಬಾಯಮ್ಮಾ" ಎಂದ ಗಣಪ, ಲೂಯಿಸನ ಹಿಂದೆ ಅಡಗಿ.

"ನೀವು ತೊಳೆದದ್ದು ನನಗೆ ಗೊತ್ತುಂಟು. ಮೊನ್ನೆ ತೊಳೆದ ಬಟ್ಟಲಲ್ಲಿ ಚಹಾ ಕುಡಿದು ನನ್ನ ನಾಲಿಗೆಯೇ ಜಾರ್ತಿತ್ತು!"

ಬೈದಳು ನಿಜ, ಆದರೆ ಬೈದು ಮುಗಿಸಿ ಮೂವರಿಗೂ ಚಹಾ ತಂದಿಟ್ಟಳು. ಲೂಯಿಸನಿಗೆ ಆ ಬೈಗುಳವೂ ಇಷ್ಟವಾಯಿತು. ನೆಂಟನನ್ನು ಯಾರೂ ಹೀಗೆ ಬೈಯುವುದಿಲ್ಲ. ಗಲ್ಫಿನಲ್ಲಿ ಇಷ್ಟು ವರ್ಷ ರೂಮಿನ ತುಂಬ ಜನರಿದ್ದರೂ ಅವನು ಒಂಟಿಯಾಗಿದ್ದ. ಇಲ್ಲಿ ಒಬ್ಬ ಬನ್ನಂಜೆಯಿಂದ, ಇನ್ನೊಬ್ಬ ಕಟಪಾಡಿಯಿಂದ ತಮ್ಮ ಕೆಲಸ ಬಿಟ್ಟು ಬಂದು ಅವನ ತುಕ್ಕನ್ನು ತಿಕ್ಕುತ್ತಿದ್ದರು. ದೇವರು ದೊಡ್ಡವನು ಎಂದುಕೊಂಡು ಮರಳು ಕಾಗದ ಉಜ್ಜಿದ.

ಮಳೆಗಾಲ ಕಳೆದು ಚೌತಿ, ತೆನೆಹಬ್ಬಗಳೂ ಮುಗಿಯುವ ಹೊತ್ತಿಗೆ ರಾಜದೂತ್ ಕಪ್ಪು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತು. ಅದರ ಹಳೆಯ ಕಾಗದ ಪತ್ರಗಳನ್ನೆಲ್ಲ ಶೇಖರ ಮಣಿಪಾಲದ ಆರ್‌ಟಿಒ ಕಚೇರಿಗೆ ಅಲೆದು ಸರಿಮಾಡಿಸಿ ತಂದ. ಉಳಿದದ್ದು ಕಿಡಿಯ ಟೈಮಿಂಗ್ ಒಂದೇ. ಅಂದರೆ ಪ್ಲಗ್ಗಿನಲ್ಲಿ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದು. ಶೇಖರ ವಿಡಿಯೋ ನೋಡಿ ಅದನ್ನು ಹೊಂದಿಸಿ, "ಸ್ವಲ್ಪ" ಮುಂದಕ್ಕೇ ಇಟ್ಟ. ಅವನು ಕೈತೊಳೆಯಲು ಹೋದಾಗ, ಗೆಳೆಯನ ಮನಸ್ಸು ನೋಯಬಾರದೆಂದು ಗಣಪ ಸದ್ದಿಲ್ಲದೆ "ಸ್ವಲ್ಪ" ಮುಂದಕ್ಕೆ ತಿರುಗಿಸಿದ. ಇಬ್ಬರೂ ಊಟಕ್ಕೆ ಒಳಗೆ ಹೋದಾಗ, ಇಬ್ಬರ ಮನಸ್ಸೂ ನೋಯಬಾರದೆಂದು ಲೂಯಿಸ್ ಇನ್ನೂ "ಸ್ವಲ್ಪ" ಮುಂದಕ್ಕೆ ತಿರುಗಿಸಿದ.

ಲೋಕಾರ್ಪಣೆಯ ದಿನ ಅಂಗಳದಲ್ಲಿ ದೊಡ್ಡ ಸಂಭ್ರಮ. ಗಣಪ ಮುಂದಿನ ಚಕ್ರದಡಿ ಲಿಂಬೆಹಣ್ಣು ಇಟ್ಟ. ಸೆಲೀನ್ ಹ್ಯಾಂಡಲಿಗೆ ಪವಿತ್ರ ತೀರ್ಥ ಚಿಮುಕಿಸಿದಳು. ಎರಡೂ ಕಡೆಯ ದೇವರಿಗೆ ಅರ್ಜಿ ಹೋದಮೇಲೆ ಇನ್ನೇನು ಭಯ? ಲೂಯಿಸ್ ಕೂಲಿಂಗ್ ಗ್ಲಾಸ್ ಏರಿಸಿ ಕಿಕ್ ಹೊಡೆದ. ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಅವನ ಕಾಲಿಗೇ ತಿರುಗಿ ಒದೆಯಿತು, ಆಮೇಲೆ ಢಬಢಬ ಎಂದು ಹೊಗೆ ಕಾರಿಕೊಂಡು ಎದ್ದಿತು. ಶೇಖರ ಚಪ್ಪಾಳೆ ತಟ್ಟಿದ. ಗಣಪನ ಕಣ್ಣಲ್ಲಿ ನೀರು ಬಂತು (ಹೊಗೆಯೂ ಇತ್ತೆನ್ನಿ). ಲೂಯಿಸ್ ಫಸ್ಟ್ ಗೇರ್ ಹಾಕಿ, ಎದೆ ಮುಂದೆ ಮಾಡಿ, ಕ್ಲಚ್ ಬಿಟ್ಟ.

ಬೈಕು ಹಿಂದಕ್ಕೆ ಓಡಿತು.

ಹೌದು, ಹಿಂದಕ್ಕೆ. ಈ ಹಳೆಯ ಇಂಜಿನುಗಳಲ್ಲಿ ಕಿಡಿ ತೀರಾ ಮೊದಲೇ ಹಾರಿದರೆ ಇಂಜಿನು ಉಲ್ಟಾ ತಿರುಗುವುದುಂಟು ಎಂಬ ವಿಷಯ ಆಮೇಲೆ ತಿಳಿಯಿತು. ಮೂವರ "ಸ್ವಲ್ಪ" ಸೇರಿ ಬಹಳವೇ ಆಗಿತ್ತು. ಲೂಯಿಸನ ಮುಖ ಗೇಟಿನ ಕಡೆ, ಪ್ರಯಾಣ ಪೋರ್ಚಿನ ಕಡೆ. "ಬ್ರೇಕ್! ಬ್ರೇಕ್!" ಎಂದು ಶೇಖರ ಬೊಬ್ಬೆ ಹೊಡೆದ. ಗಾಬರಿಯಲ್ಲಿ ಲೂಯಿಸ್ ಹಿಡಿದದ್ದು ಆಕ್ಸಿಲರೇಟರ್. ರಾಜದೂತ್ ಹಿಮ್ಮುಖವಾಗಿ ಧಾವಿಸಿ, ಪೋರ್ಚಿನಲ್ಲಿ ನಿಂತಿದ್ದ ಸೆಲೀನಳ ಸ್ಕೂಟರನ್ನು ಗುದ್ದಿ, ಅದನ್ನು ಗೋಡೆಗೆ ಒರಗಿಸಿಯೇ ಉಸಿರು ನಿಲ್ಲಿಸಿತು.

ಲಿಂಬೆಹಣ್ಣು ಅಂಗಳದಲ್ಲಿ ಹಾಗೇ ಇತ್ತು.

ಗೆಳೆಯರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಸೆಲೀನ್ ಸ್ಕೂಟರಿನ ದೀಪದ ಚೂರುಗಳನ್ನು ಹೆಕ್ಕುತ್ತಿದ್ದಳು. ಲೂಯಿಸ್ ಜಗಲಿಯ ಮೇಲೆ ಕುಸಿದು ಕೂತ. ಇದ್ದ ಒಂದು ಗಾಡಿಯೂ ಹೋಯಿತು, ಅವಳ ಕೆಲಸಕ್ಕೆಲ್ಲ ತನ್ನಿಂದ ತೊಂದರೆಯೇ ಹೊರತು ಉಪಕಾರವಿಲ್ಲ ಎಂದು ಅವನಿಗೆ ಅಳುವೇ ಬಂದಿತ್ತು.

"ನಾಳೆ ಗುಜರಿಯವನನ್ನು ಕರೆಸ್ತೇನೆ ಸೆಲೀನ್. ಕೊಟ್ಟು ಬಿಡುವ."

ಸೆಲೀನ್ ಎದ್ದು ನಿಂತಳು. "ಗುಜರಿಯವ ಎಷ್ಟು ಸರ್ತಿ ಬಂದಿದ್ದ ಗೊತ್ತುಂಟಾ ನಿಮಗೆ? ಪ್ರತಿ ಸರ್ತಿ ಅವನನ್ನು ಓಡಿಸಿದ್ದು ನಾನು."

"ಎಂತಕ್ಕೆ?"

"ಎಂತಕ್ಕೆ ಅಂದ್ರೆ... ಈ ಮನೆಯ ಬಾಗಿಲು, ಕಿಟಕಿ, ಪರದೆ, ಪಾತ್ರೆ, ಎಲ್ಲ ನಾನೇ ನೋಡಿ ತಂದದ್ದು. ನೀವು ಬರುವಾಗ ನಿಮ್ಮದು ಅಂತ ಒಂದಾದ್ರೂ ಬೇಡ್ವಾ ಇಲ್ಲಿ?"

ಲೂಯಿಸನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅವಳು ತನಗಾಗಿ ಜಾಗ ಹಿಡಿದಿಟ್ಟಿದ್ದಳು, ತಾನು ಅದೇ ಜಾಗ ಎಲ್ಲಿದೆಯೆಂದು ಹುಡುಕಿಕೊಂಡು ಮುಖ ಊದಿಸಿ ತಿರುಗುತ್ತಿದ್ದ. "ನಿನ್ನ ಉಪಕಾರ ದೊಡ್ಡದು ಸೆಲೀನ್" ಎಂದ, ಅವಳ ಕೈ ಹಿಡಿದು. ಮದುವೆಯಾದ ಮೇಲೆ ಬಾಯಿಬಿಟ್ಟು ಹೀಗೆ ಹೇಳಿದ್ದು ಅದೇ ಮೊದಲು.

"ಉಪಕಾರ ಆಮೇಲೆ ಹೇಳಿ. ಸ್ಕೂಟರ್ ಗ್ಯಾರೇಜಿಂದ ಬರುವ ತನಕ ನನ್ನನ್ನು ಇಗರ್ಜಿಗೆ ಮುಟ್ಟಿಸುವುದು ನಿಮ್ಮ ಕೆಲಸ" ಎಂದಳು ಸೆಲೀನ್, ಕಣ್ಣೊರೆಸಿಕೊಂಡು.

ಮರುದಿನ ಮೂವರೂ ತಂತಮ್ಮ "ಸ್ವಲ್ಪ"ಗಳನ್ನು ಒಪ್ಪಿಕೊಂಡರು. ಒಂದಿಷ್ಟು ಕಾಲ ಪರಸ್ಪರ ಬೈದುಕೊಂಡು, ಮೂರು "ಸ್ವಲ್ಪ"ವನ್ನೂ ಹಿಂದಕ್ಕೆ ತಿರುಗಿಸಿದರು. ಬೈಕು ಮುಂದಕ್ಕೆ ಓಡಿತು. ಅಂಗಳಕ್ಕೆ ಸುತ್ತು ಬಂದ ಗಂಡನನ್ನು ಸೆಲೀನ್ ಅಡುಗೆಮನೆಯ ಕಿಟಕಿಯಿಂದಲೇ ನೋಡಿದಳು. ನಕ್ಕಳೋ ಏನೋ, ಬೇಗ ಒಳಗೆ ಸರಿದಳು.

ಆದಿತ್ಯವಾರ ಬಂತು. ಲೂಯಿಸ್ ಇಸ್ತ್ರಿ ಅಂಗಿ ತೊಟ್ಟು ಬೈಕ್ ಹತ್ತಿದ. ಬೀಳ್ಕೊಡಲು ಗೆಳೆಯರಿಬ್ಬರೂ ಹಾಜರು. ಸೆಲೀನ್ ಹೆಲ್ಮೆಟ್ ಹಾಕಿಕೊಂಡು, ಸೀರೆ ಸರಿಮಾಡಿ, ಇನ್ನೇನು ಹಿಂದೆ ಕೂರಬೇಕು, ನಿಂತು ಕೇಳಿದಳು, "ಲೈಸೆನ್ಸ್ ಉಂಟಲ್ವಾ?"

"ಉಂಟು ಮತ್ತೆ!" ಲೂಯಿಸ್ ಠೀವಿಯಿಂದ ಪರ್ಸು ತೆರೆದು ಕಾರ್ಡು ತೆಗೆದ. ಅದರ ತುಂಬ ಅರಬ್ಬಿ ಅಕ್ಷರ.

"ಇದು ಮಸ್ಕತ್ತಿದು. ನಮ್ಮೂರಿದು?"

ನಮ್ಮೂರಿನದು ಅವನು ಎರಡನೇ ಸಲ ರಜೆಗೆ ಬಂದಾಗಲೇ ವಾಯಿದೆ ಮುಗಿದು ಸತ್ತಿತ್ತು. ಮೂವರು ಮಹಾಮೇಧಾವಿಗಳೂ ಮುಖ ಮುಖ ನೋಡಿಕೊಂಡರು. ಬೈಕಿನ ಜಾತಕವನ್ನೆಲ್ಲ ಶೋಧಿಸಿದವರು ಸವಾರನ ಜಾತಕ ನೋಡಲು ಮರೆತಿದ್ದರು. ಅಂದು ಎಲ್ಲರೂ ಗಣಪನ ಆಟೋದಲ್ಲಿ ಇಗರ್ಜಿಗೆ ಹೋದರು. ಲೂಯಿಸ್ ಮಧ್ಯೆ ಇರುಕಿಕೊಂಡು, ತೊಡೆಯ ಮೇಲೆ ಹಾಡಿನ ಪುಸ್ತಕ.

ಮಣಿಪಾಲದಲ್ಲಿ ಲೂಯಿಸನಿಗೆ ಕಲಿಕಾ ಪರವಾನಗಿ, ಅಂದರೆ ಎಲ್.ಎಲ್. ಸಿಕ್ಕಿತು. ನಿಯಮ ಏನೆಂದರೆ, ಲೈಸೆನ್ಸ್ ಇದ್ದವರೊಬ್ಬರು ಗುರುಗಳಾಗಿ ಹಿಂದೆ ಕೂರಬೇಕು. "ನಾನು ಕೂರ್ತೇನೆ" ಎಂದ ಶೇಖರ. ಸೆಲೀನ್ ನೋಡಿದ ನೋಟಕ್ಕೆ, "ಅಲ್ಲ, ನನಗೆ ಸೊಂಟನೋವು ಉಂಟಲ್ವಾ" ಎಂದು ತಾನೇ ಹಿಂದೆ ಸರಿದ.

ಹೀಗೆ ಕೊನೆಗೂ ಸೆಲೀನ್ ಅವನ ಬೆನ್ನ ಹಿಂದೆ ಕೂತಳು. ಹೊಳೆಯುವ ಕಪ್ಪು ಬೈಕಿನ ಮುಂದೊಂದು, ಹಿಂದೊಂದು ಕೆಂಪು "ಎಲ್". ಮನೆಯ ಗೇಟಿನಿಂದ ಇಗರ್ಜಿಯವರೆಗೆ ಗುರುಗಳ ಬಾಯಿ ನಿಲ್ಲಲಿಲ್ಲ. "ಹಾರನ್ ಹಾಕಿ. ತಿರುಗುವ ಮೊದಲು ಕೈ ತೋರಿಸಿ. ಗೇರ್ ಇಳಿಸಿ. ಆ ದನ ನಿಮಗೆ ಕಾಣ್ತದಾ?" ಇಗರ್ಜಿಯ ಮೆಟ್ಟಿಲ ಮೇಲೆ ಪ್ಯಾಟ್ರಿಶಿಯಾ ಬಾಯಿ ಕಣ್ಣರಳಿಸಿದಳು. "ಓ ಲೂಯಿಸಾಬ್! ಈ ಪ್ರಾಯಕ್ಕೆ ಬೈಕ್ ಕಲಿಯುವುದಾ?"

"ಹೌದು, ನಾನು ಕಲಿಸ್ತಾ ಇದ್ದೇನೆ" ಎಂದಳು ಸೆಲೀನ್, ಇಡೀ ಅಂಗಳಕ್ಕೆ ಕೇಳುವ ಹಾಗೆ.

ವಿಚಿತ್ರವೆಂದರೆ ಲೂಯಿಸನಿಗೆ ಅವಮಾನವಾಗಲಿಲ್ಲ. ಹಂಪ್ ಬಂದಾಗ ಈಗ "ಜೇಸೂ" ಎನ್ನುವವಳು ಅವಳು, ಸೊಂಟ ಗಟ್ಟಿ ಹಿಡಿಯುವವಳೂ ಅವಳು. ವರ್ಷಾನುಗಟ್ಟಲೆ ಫೋನಿನಲ್ಲಷ್ಟೇ ಕೇಳಿದ ದನಿ ಈಗ ಕಿವಿಯ ಬುಡದಲ್ಲೇ ಬೈಯುತ್ತಿತ್ತು. ಇದಕ್ಕಿಂತ ಹೆಚ್ಚಿನ ಸುಖ ಬೇಡ ಎನಿಸಿತು ಅವನಿಗೆ.

ಆಗಲೇ ಸೆಲೀನ್ ಹೇಳಿದಳು, "ಟೆಸ್ಟ್ ಪಾಸ್ ಆಗಿ ಒಮ್ಮೆ. ಸ್ಕೂಟರೂ ರಿಪೇರಿ ಆಗಿ ಬಂತು. ಮತ್ತೆ ನಾನು ನನ್ನ ಗಾಡಿಯಲ್ಲಿ, ನೀವು ನಿಮ್ಮ ಗಾಡಿಯಲ್ಲಿ."

ಲೂಯಿಸನ ಎದೆ ಧಸಕ್ಕೆಂದಿತು. ಇದಕ್ಕಾಗಿಯಾ ಇಷ್ಟೆಲ್ಲ ತುಕ್ಕು ತಿಕ್ಕಿದ್ದು! ಅವನು ಆ ಕ್ಷಣವೇ ನಿರ್ಧರಿಸಿದ, ಟೆಸ್ಟಿನಲ್ಲಿ ಫೇಲಾಗಬೇಕು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವಾಗ ಕಾಲು ನೆಲಕ್ಕೆ ತಾಗಿದರೆ ಫೇಲು. ಕೊನೆಯ ತಿರುವಿನಲ್ಲಿ, ಯಾರಿಗೂ ಸಂಶಯ ಬಾರದ ಹಾಗೆ, ಮೆಲ್ಲಗೆ ಕಾಲಿಡುವುದೆಂದು ಯೋಜನೆ ಹಾಕಿಕೊಂಡು ಹೋದ.

ಆದರೆ ಮೊದಲ ತಿರುವಿನಲ್ಲೇ ಬೈಕು ವಾಲಿತು, ಅವನು "ಅಯ್ಯಯ್ಯೋ" ಎಂದ, ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗಿದವು. ಇನ್‌ಸ್ಪೆಕ್ಟರ್ ಮುಂದಿನವರನ್ನು ಕರೆದರು.

ಹೊರಗೆ ಕಾಯುತ್ತಿದ್ದ ಸೆಲೀನಳ ಹತ್ತಿರ ಬಂದು ಲೂಯಿಸ್ ಪ್ರೀತಿಯಿಂದ ಪಿಸುಗುಟ್ಟಿದ, "ಫೇಲ್. ಬೇಕೂಂತಲೇ ಕಾಲಿಟ್ಟದ್ದು ನಾನು. ನೀನು ಹಿಂದೆ ಕೂತಿರ್ಬೇಕು ಅಂತ."

"ನಾನು ನೋಡ್ತಾ ಇದ್ದೆ" ಎಂದಳು ಸೆಲೀನ್. "ಬೇಕೂಂತ ಕಾಲಿಡುವವರು ಅಯ್ಯಯ್ಯೋ ಅನ್ನುವುದಿಲ್ಲ."

ಆಮೇಲೆ ಹೆಲ್ಮೆಟ್ ಹಾಕಿಕೊಂಡು, ಸೀರೆ ಒತ್ತರಿಸಿ ಅವನ ಹಿಂದೆ ಕೂತಳು. ಸೊಂಟ ಗಟ್ಟಿ ಹಿಡಿದಳು.

"ನಡೀರಿ. ಮೊದಲು ಕೈ ತೋರಿಸಿ."

ಲೂಯಿಸ್ ಕೈ ತೋರಿಸಿದ.