ದುರ್ಗದ ಸೀಮೆಯಲ್ಲಿ ಸ್ಪ್ಯಾನಿಷ್ ಹಾಡು

ದನದ ಡಾಕ್ಟರು ಗಿಟಾರ್ ಹಿಡಿದರೆ ಊರಿಗೆ ನಗು ಸಿಗುತ್ತದೆ. ಅದಕ್ಕೆ ಸ್ಪ್ಯಾನಿಷ್ ಹಾಡೂ ಸೇರಿಬಿಟ್ಟರೆ ಆ ನಗುವಿಗೆ ಬಿಡುವೇ ಇರುವುದಿಲ್ಲ.

ನಾನು ಹಿರಿಯೂರಿನಲ್ಲಿ ದನ, ಕುರಿ ನೋಡುವ ಡಾಕ್ಟರು. ಡ್ರಮ್ಸ್ ಬಾರಿಸುವವನು ಚಿತ್ರದುರ್ಗದ ಲಾಯರು. ಕೀಬೋರ್ಡಿಗೆ ಕೂರುವವಳು ಹೊಳಲ್ಕೆರೆಯವಳು, ಬ್ಯಾಂಕಿನಲ್ಲಿ ಅಧಿಕಾರಿ. ಹಾಡುವವನು ಯಲ್ಲದಕೆರೆಯ ಕುರಿಗಾರರ ಮನೆಯ ಹುಡುಗ, ಬಬ್ಬೂರಿನಲ್ಲಿ ಕೃಷಿ ಸಂಶೋಧನೆ ಮಾಡುತ್ತಾನೆ. ಓದುವಾಗ ಹಾಸ್ಟೆಲಿನಲ್ಲಿ ಯಾರೋ ಕೇಳಿಸಿದ ಲ್ಯಾಟಿನ್ ಪಾಪ್ ರಾಕ್ ಅವನ ತಲೆಗೆ ಹತ್ತಿತು. ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿತ, ತಾನೇ ಹಾಡು ಬರೆದ, ಆಮೇಲೆ ನಮ್ಮನ್ನು ಹುಡುಕಿ ಗಂಟುಹಾಕಿದ.

ದೋಸೆ

ಭಾನುವಾರದ ಅಭ್ಯಾಸ ದುರ್ಗದಲ್ಲಿ ಲಾಯರ ಮನೆಯ ತಾರಸಿ ಮೇಲೆ. ಪ್ರತಿ ಹಾಡಿಗೂ ಮುಂಚೆ ಲಾಯರು ಕಡ್ಡಿ ಕುಟ್ಟಿ ಸ್ಪ್ಯಾನಿಷಿನಲ್ಲಿ ಒಂದು, ಎರಡು, ಮೂರು ಎಣಿಸಬೇಕು: "ಉನೋ, ದೋಸ್, ತ್ರೇಸ್."

ಎರಡನೇ ಭಾನುವಾರ ಪಕ್ಕದ ಮನೆಯ ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂತು. ಗಲಾಟೆಯಾಯಿತು ಅಂತ ಬೈಯುವುದಕ್ಕೇ ಬಂದಿದೆ ಅಂದುಕೊಂಡು ನಾವೆಲ್ಲ ಎದ್ದು ನಿಂತೆವು. ಅಜ್ಜಿಯ ಕೈಯಲ್ಲಿ ಮುಚ್ಚಿದ ತಟ್ಟೆ.

"ಬೆಳಗಿಂದ ದೋಸೆ ದೋಸೆ ಅಂತ ಕೂಗ್ತಾ ಇದೀರಲ್ಲಪ್ಪ," ಅಂದಿತು. "ಕೇಳಿ ಸುಮ್ನೆ ಕುಂತ್ಕಳಾಕೆ ಮನಸ್ಸು ಬರ್ಲಿಲ್ಲ. ಹಿಟ್ಟಿತ್ತು, ಹುಯ್ಕಂಡು ಬಂದೆ. ತಿನ್ರಿ."

ತಟ್ಟೆ ಖಾಲಿಯಾಗುವ ತನಕ ತಿಂದೆವು. ಮುಂದಿನ ವಾರದಿಂದ ಲಾಯರು 'ದೋಸ್' ಅನ್ನುವಾಗ ಅಜ್ಜಿಯ ಅಡುಗೆಮನೆ ಕಡೆ ತಿರುಗಿ ಅನ್ನುತ್ತಿದ್ದ.

ಬೇಸಾಯ

ಮಾಡದಕೆರೆಯಲ್ಲಿ ರೈತರ ಸಭೆ. ಬೀಜೋಪಚಾರದ ಬಗ್ಗೆ ಭಾಷಣಕ್ಕೆ ನಮ್ಮ ಹಾಡುಗಾರನನ್ನು ಕರೆದಿದ್ದರು. ಭಾಷಣ ಮುಗಿದ ಮೇಲೆ ನಮ್ಮದೂ ಒಂದು ಹಾಡಾಗಲಿ ಅಂದರು. ಅವನು ಬರೆದ ಆ ಹಾಡಿನ ಪಲ್ಲವಿಯಲ್ಲಿ 'ಬೇಸಾ, ಆಯ್, ಬೇಸಾ, ಆಯ್' ಅಂತ ಬರುತ್ತದೆ. ಮುತ್ತು ಕೊಡು, ಅಯ್ಯೋ, ಮುತ್ತು ಕೊಡು ಅಂತ ಅದರ ಅರ್ಥ. ಕಣ್ಣು ಮುಚ್ಚಿಕೊಂಡು, ಎದೆ ಮೇಲೆ ಕೈಯಿಟ್ಟು ಹಾಡಿದ.

ಮುಗಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಬೇರೆ ಮಾತು ಒಂದೂ ತಿಳೀಲಿಲ್ಲ. ಆದ್ರೆ ಓದಿದ ಹುಡುಗ ಬೇಸಾಯ, ಬೇಸಾಯ ಅಂತ ಇಷ್ಟು ಹಂಬಲಿಸಿದ್ದು ನಾನೆಲ್ಲೂ ಕೇಳಿಲ್ಲ ಕಣಪ್ಪ."

ಹಾಡುಗಾರ ಬಗ್ಗಿ ಅವರ ಕಾಲು ಮುಟ್ಟಿದ.

ಮರುವರ್ಷ ಮತ್ತೆ ಕರೆ ಬಂತು. ಹೋದರೆ ಅದೇ ಹಿರಿಯರು ಬಾಗಿಲಲ್ಲೇ ನಿಂತಿದ್ದರು. "ಆ ಬೇಸಾಯದ್ದೇ ಹಾಡ್ರಿ. ಊರಿನ ಹೆಣ್ಣುಮಕ್ಕಳೂ ಕಲೀಲಿ ಅಂತ ಎಲ್ಲಾರ್ನೂ ಮುಂದೆ ಕುಂದ್ರಿಸಿದೀನಿ."

ಕೆಂಪು ಅಂಗಿ

ಹಿರಿಯೂರಿನಲ್ಲಿ ಒಂದು ಸಂಜೆ ಕಾರ್ಯಕ್ರಮದ ನಡುವೆ ನನಗೆ ಫೋನು ಬಂತು. ಕುರಿಯೊಂದು ಈಯಲಾರದೆ ಒದ್ದಾಡುತ್ತಿದೆ, ಮರಿ ಅಡ್ಡವಾಗಿದೆ ಅಂತ. ಗಿಟಾರ್ ಅಲ್ಲೇ ಇಟ್ಟು, ತೋಳಿಗೆಲ್ಲ ಝಾಲರಿ ಇದ್ದ ಕೆಂಪು ಅಂಗಿಯಲ್ಲೇ ಓಡಿದೆ. ಲಾಯರು ಬೈಕ್ ಓಡಿಸಿದ.

ಮರಿ ಹೊರಗೆ ಬಂತು, ಉಸಿರಾಡಿತು. ಆದರೆ ತಾಯಿ ಅದನ್ನು ಮೂಸಲೂ ಇಲ್ಲ. ಕುರಿಯ ತಲೆ ಹಿಡಿದು ಕೂತಿದ್ದ ಹೆಂಗಸು ನನ್ನ ಅಂಗಿ ನೋಡಿ, "ನಾಟಕ ಬಿಟ್ಟು ಬಂದ್ರಾ ಡಾಕ್ಟ್ರೇ?" ಅಂದಳು.

"ಇಲ್ಲ ತಾಯಿ, ಹಾಡಾಕೆ ಹೋಗಿದ್ದೆ."

"ಹಂಗಾರೆ ಇಲ್ಲೇ ಒಂದು ಅನ್ರಿ. ದನಿ ಕೇಳಿದ್ರೆ ಸಮಾಧಾನ ಆಗ್ತೈತೆ ಅದುಕ್ಕೆ."

ನಾನು ಮೆಲ್ಲಗೆ ಗುನುಗಿದೆ. ಅರ್ಧ ಹಾಡಿಗೆ ಕುರಿ ಕತ್ತು ತಿರುಗಿಸಿ ಮರಿಯನ್ನು ನೆಕ್ಕತೊಡಗಿತು. ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬರುವ ದಾರಿಯಲ್ಲಿ ಲಾಯರು ಹೇಳಿದ: "ನಮ್ಮ ಹಾಡನ್ನ ಕೊನೇತನಕ ಎದ್ದು ಹೋಗದೆ ಕೇಳಿದ್ದು ಅದೊಂದೇ ಕಣೋ."

ಅದಕ್ಕೆ ಏಳಲು ಶಕ್ತಿ ಇರಲಿಲ್ಲ ಅಂತ ನಾನು ಹೇಳಲಿಲ್ಲ.

ವ್ಯಾಕರಣ

ಹಾಡುಗಾರನಿಗೆ ಕೀಬೋರ್ಡಿನವಳ ಮೇಲೆ ಮನಸ್ಸಾಯಿತು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ, ಒಂದು ಹಾಡು ಬರೆದ. ಒಂದು ವರ್ಷ ಅವಳ ಪಕ್ಕದಲ್ಲೇ ನಿಂತು ಅದನ್ನು ಹಾಡಿದ. ಅರ್ಥವೇನು ಅಂತ ಅವಳು ಕೇಳಿದರೆ, "ಮಳೆ ಬಗ್ಗೆ" ಅಂದುಬಿಟ್ಟ.

"ಕನ್ನಡದಾಗೆ ಹೇಳ್ಬಿಡು ಲೇ," ಅಂದ ಲಾಯರು.

"ಕನ್ನಡದಾಗೆ ಹೇಳಿದ್ರೆ ಅರ್ಥ ಆಗ್ಬಿಡುತ್ತೆ," ಅಂದ ಇವನು.

ಒಂದು ದಿನ ಅವಳೇ ಕೀಬೋರ್ಡ್ ನೋಡುತ್ತಾ ಹೇಳಿದಳು: ಬರುವ ಭಾನುವಾರ ದಾವಣಗೆರೆಯಿಂದ ಗಂಡಿನ ಕಡೆಯವರು ತನ್ನನ್ನು ನೋಡಲು ಬರುತ್ತಾರೆ, ಅಭ್ಯಾಸಕ್ಕೆ ಬರಲಾಗುವುದಿಲ್ಲ.

ಶನಿವಾರ ಯಲ್ಲದಕೆರೆಯಿಂದ ಅಪ್ಪನನ್ನು ಕರೆದುಕೊಂಡು, ನಮ್ಮಿಬ್ಬರನ್ನೂ ಎಳೆದುಕೊಂಡು ಹೊಳಲ್ಕೆರೆಗೆ ಹೋದ. ಅವಳ ತಂದೆ ನಿವೃತ್ತ ಮೇಷ್ಟರು. "ಬರ್ರಿ, ಕುಂತ್ಕಳ್ರಿ," ಅಂದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಇವನಪ್ಪ ಕುರ್ಚಿಯ ಅಂಚಿನಲ್ಲಿ ಕೂತರು. ಬಂದ ವಿಷಯ ಏನು ಅಂತ ಮೇಷ್ಟರು ಕೇಳಿದರು.

ಇವನು ಬಾಯಿ ತೆಗೆದ. ಕನ್ನಡ ಬರಲಿಲ್ಲ. ಆ ಹಾಡೇ ಬಂತು. ವಾದ್ಯವಿಲ್ಲ, ತಾಳವಿಲ್ಲ, ಪೂರ್ತಿ ಹಾಡಿದ.

ಮೇಷ್ಟರು ತಾಳ್ಮೆಯಿಂದ ಕೇಳಿ, "ಚೆನ್ನಾಗೈತೆ. ಏನಿದರ ಅರ್ಥ?" ಅಂದರು.

"ಮಳೆ ಬಗ್ಗೆ, ಸಾರ್."

ಒಳಬಾಗಿಲಲ್ಲಿ ನಿಂತಿದ್ದ ಅವಳು ಮೆಲ್ಲಗೆ ಹೇಳಿದಳು: "ಅಪ್ಪಾ, ಅದರಾಗೆ ಮಳೆ ಇಲ್ಲ. ನೀನಿಲ್ದೆ ನಂಗೆ ಮನೆ ಅನ್ನೋದೇ ಇಲ್ಲ ಅಂತೈತೆ. ನಾನೂ ಮೊಬೈಲಿನಾಗೆ ಆ ಭಾಷೆ ಕಲಿತೆ. ಇವರು ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ."

ಇವನು ತಲೆ ಎತ್ತಲಿಲ್ಲ. ಮೇಷ್ಟರು ಮಗಳ ಮುಖ ನೋಡಿ, ಬರಬೇಡಿ ಅಂತ ದಾವಣಗೆರೆಯವರಿಗೆ ಫೋನು ಮಾಡುವುದಕ್ಕೆ ಎದ್ದರು.

"ಕೊನೇ ಸಾಲಿನಾಗೆ ಮಾತ್ರ ಒಂದು ವ್ಯಾಕರಣ ತಪ್ಪೈತೆ," ಅಂದಳು ಅವಳು.

"ಏನು ತಪ್ಪಾಗೈತೆ ತಾಯಿ?" ಇವನಪ್ಪ ಗಾಬರಿಯಿಂದ ಕೇಳಿದರು.

"ನಿನ್ನ ಗಂಡ ಆಗ್ತೀನಿ ಅನ್ನೋ ಕಡೆ, ನಿನ್ನ ಹೆಂಡ್ತಿ ಆಗ್ತೀನಿ ಅಂತ ಬರ್ದವ್ರೆ. ಒಂದು ವರ್ಷದಿಂದ ಎಲ್ಲಾ ಕಡೆ ಹಂಗೇ ಹಾಡ್ತಾವ್ರೆ."

ಇವನಪ್ಪ ಕಂಬಳಿ ಸರಿಮಾಡಿಕೊಂಡು, ಮೊದಲ ಸಲ ಕುರ್ಚಿಗೆ ಒರಗಿ ಕೂತರು.

"ಹಂಗಾರೆ ತಪ್ಪೇನಿಲ್ಲ ಬಿಡು ತಾಯಿ. ಅಡಿಗೆ ಚೆನ್ನಾಗಿ ಮಾಡ್ತಾನೆ."