ಹುಕ್ಕಾ ನುಂಗಿದ ಭೋಜಪತ್ರ

“ಬೀದರ ಅಂದ್ರ ಏನಂತ ಆ ಮೈಸೂರ ಸಾಹೇಬರಿಗೆ ಈ ಐತವಾರ ತೋರಿಸೇ ಬಿಡ್ತೇನಿ!” ಎಂದು ಕಾಶೀರಾಮರು ಬೀದರದ ಮಗ್ಗುಲಿನ ಚಿದ್ರಿಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದರು. ಕೇಳಲು ಇದ್ದವಳು ಹೆಂಡತಿ ಜಿಜಾಬಾಯಿ ಒಬ್ಬಳೇ. ಅವಳೂ ತೊಗರಿಬೇಳೆ ಆರಿಸುವುದರಲ್ಲಿ ಮುಳುಗಿದ್ದಳು. ಸಾಹೇಬರಿಗೆ ಬೀದರ ತೋರಿಸುವ ಮೊದಲು ಮನೆಯ ಸೋರುವ ಮೂಲೆ ತೋರಿಸಬಾರದೇ ಎಂದಷ್ಟೇ ಕೇಳಿದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂದು ತಿಂಗಳಾಗಿತ್ತಷ್ಟೇ. ಕಾಶೀರಾಮರು ನಿಜಾಮರ ಕಾಲದಿಂದ ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಪೇಶಕಾರಿಕೆ, ಅಂದರೆ ಜನರ ಅರ್ಜಿಗಳನ್ನು ನೋಡಿ ಸಾಹೇಬರ ಮುಂದಿಡುವ ಕೆಲಸ, ಮಾಡಿದವರು. ಅವರ ಉರ್ದು ಅಕ್ಷರ ನೋಡಿದರೆ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಮನೆಯಲ್ಲಿ ಆಡುವುದು ಕನ್ನಡ, ಸಂತೆಯಲ್ಲಿ ಮರಾಠಿ, ಬರೆಯುವುದು ಉರ್ದು. ಬೈಯುವುದು ಮಾತ್ರ ಸಂದರ್ಭ ನೋಡಿ ಮೂರರಲ್ಲೂ. ಈಗ ನೋಡಿದರೆ ಬರೆಯುವುದೂ ಕನ್ನಡದಲ್ಲೇ ಆಗಬೇಕಂತೆ. ನಲವತ್ತೈದನೆಯ ವಯಸ್ಸಿನಲ್ಲಿ ಪೇಶಕಾರ ಸಾಹೇಬರು ಅಕ್ಷರ ತಿದ್ದಲು ಕೂತರು. ಮಾಸ್ತರಿಕೆ ಜಿಜಾಬಾಯಿಯದು. ಅವಳು ತವರೂರು ಭಾಲ್ಕಿಯ ಮಠದ ಶಾಲೆಯಲ್ಲಿ ನಾಲ್ಕು ಇಯತ್ತೆ ಕನ್ನಡ ಓದಿದವಳು. ಗಂಡನ ‘ಳ’ ನೋಡಿ ಇದೇನು ಜಿಲೇಬಿಯೇ ಎಂದು ಕೇಳುವ ಧೈರ್ಯ ಅವಳಿಗಲ್ಲದೆ ಇಡೀ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ತಿಂಗಳ ಕೊನೆಗೆ ಕಾಶೀರಾಮರು ನೋಡದೆ ಬರೆಯಬಲ್ಲದ್ದು ಒಂದೇ ಒಂದು: ರಜೆಯ ಅರ್ಜಿ, ಅದಕ್ಕೂ ಸಹಿ ಉರ್ದುವಿನಲ್ಲಿ.

ಇಂಥ ಅವಮಾನದ ಕಾಲದಲ್ಲಿ ಹಳೆ ಮೈಸೂರಿನ ಕಡೆಯಿಂದ ಬಂದ ಹೊಸ ಸಾಹೇಬರು ಐತವಾರ ಚಹಾಕ್ಕೆ ಬರಲು ಒಪ್ಪಿಬಿಟ್ಟಿದ್ದರು. ಅಕ್ಷರದಲ್ಲಿ ಗೆಲ್ಲಲಾಗದಿದ್ದರೆ ಏನಾಯಿತು, ಅಜ್ಜನ ಹುಕ್ಕಾ ಇಲ್ಲವೇ? ಅಟ್ಟದ ಮೇಲಿಂದ ಅದನ್ನು ಇಳಿಸಿದರು. ಬುಡ ಅಪ್ಪಟ ಬಿದ್ರಿ ಕೆಲಸದ್ದು. ಒರೆಸಿದ ಕೂಡಲೇ ಕಪ್ಪಿನ ಮೇಲೆ ಬೆಳ್ಳಿಯ ಬಳ್ಳಿ ಫಳಫಳ ಹೊಳೆಯಿತು. ಆದರೆ ಹೊಗೆ ಎಳೆಯುವ ಕೊಳವೆ, ಅಂದರೆ ನೈಚಾ, ಒಣಗಿ ಬಿರುಕು ಬಿಟ್ಟಿತ್ತು. ಎಳೆದರೆ ಹೊಗೆಯ ಬದಲು ಬರೀ ಗಾಳಿ.

ಶುಕ್ರವಾರವೇ ಊರೊಳಗೆ ಹೋಗಿ ಖಾಸಿಂ ಅಲಿಯನ್ನು ಕಂಡರು. ನೈಚಾ ಕಟ್ಟುವವರ ಓಣಿಯಲ್ಲಿ ಉಳಿದಿದ್ದವನು ಈ ಮುದುಕ ಒಬ್ಬನೇ. ಕಾಶೀರಾಮರು ಚಿಕ್ಕವರಿದ್ದಾಗ ಅಜ್ಜನ ಬೆರಳು ಹಿಡಿದು ಬಂದರೆ ಇಲ್ಲಿ ಏಳು ಅಂಗಡಿ. ಏಳರಲ್ಲೂ ಒದ್ದೆ ಭೋಜಪತ್ರದ ವಾಸನೆ, ಬಣ್ಣದ ರೇಷ್ಮೆ ದಾರದ ಲಡಿಗಳು, ಬಂದವರಿಗೆಲ್ಲ ಬೆಲ್ಲ ಹಾಕಿದ ಚಹಾ. ಆ ವಾಸನೆ ನೆನೆದರೆ ಈಗಲೂ ಅವರಿಗೆ ಅಜ್ಜ ಪಕ್ಕದಲ್ಲೇ ಕೂತ ಹಾಗೆ ಆಗುತ್ತಿತ್ತು. ಬಿದಿರ ಕೊಳವೆಯ ಮೇಲೆ ನೆನೆಸಿದ ಭೋಜಪತ್ರದ ಪಟ್ಟಿ ಸುತ್ತಬೇಕು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ದಾರ. ಆಗಲೇ ಗಾಳಿಯೂ ಸೋರದು, ನೀರೂ ಸೋರದು. ಭೋಜಪತ್ರವೆಂದರೆ ಮರದ ತೊಗಟೆ, ಆ ಮರ ಹಿಮಾಲಯದಲ್ಲಿ ಬೆಳೆಯುತ್ತದೆ, ಹಾವು ಪೊರೆ ಬಿಟ್ಟ ಹಾಗೆ ತಾನೇ ತೊಗಟೆ ಬಿಡುತ್ತದೆ, ಬಿಟ್ಟರೂ ಅದಕ್ಕೆ ನೋವಿಲ್ಲ ಎಂದು ಖಾಸಿಂ ಅಲಿ ಹಿಂದೆ ಕಥೆ ಹೇಳುತ್ತಿದ್ದ. ಈಗ ಹೇಳಿದ್ದು ಬೇರೆ. ಸಿಗರೇಟು ಬಂದ ಮೇಲೆ ನೈಚಾ ಯಾರಿಗೆ ಬೇಕು, ಉತ್ತರದಿಂದ ಭೋಜಪತ್ರ ಬರುವುದೇ ನಿಂತಿದೆ, ತನ್ನ ಹತ್ತಿರ ಅಂಗೈಯಗಲದ ಚೂರು ಒಂದು ಬಿಟ್ಟರೆ ಇಲ್ಲ, ಬೇರೆ ತರಿಸಿ ಕಟ್ಟಲು ಹದಿನೈದು ದಿನ ಬೇಕು ಎಂದ.

ಹದಿನೈದು ದಿನವಂತೆ! ನೂರು ಸಲ ನೋಡಿದ ಕೆಲಸ, ನಾನೇ ಮಾಡುತ್ತೇನೆ ಎಂದುಕೊಂಡು ಕಾಶೀರಾಮರು ಮನೆಗೆ ಬಂದರು. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಶನಿವಾರ ಜಿಜಾಬಾಯಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ದಾರ ಹುಡುಕಲು ಕಾಶೀರಾಮರು ಅವಳ ಟ್ರಂಕಿಗೆ ಕೈ ಹಾಕಿದರು. ಸೀರೆಗಳ ಅಡಿಯಲ್ಲಿ ಒಂದು ಕೆಂಪು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಮಡಚಿಟ್ಟ ಕಂದು ಬಣ್ಣದ ತೊಗಟೆ. ಮೂಗಿಗೆ ಹಿಡಿದರು. ಅದೇ ವಾಸನೆ! ಭೋಜಪತ್ರ! ಅಜ್ಜನ ಕಾಲದ್ದು ಉಳಿದಿರಬೇಕು, ದೇವರು ಕೊಟ್ಟರೆ ಚಪ್ಪರ ಹರಿದು ಕೊಡುತ್ತಾನೆಂಬ ಮಾತಿದೆ, ನನಗೆ ಟ್ರಂಕು ಹರಿದು ಕೊಟ್ಟ ಎಂದು ಹಿಗ್ಗಿಹೋದರು. ಮಡಿಕೆ ಬಿಡಿಸಲು ಹೋದರೆ ಒಣಗಿದ ತೊಗಟೆ ಚಟ್ಟೆಂದಿತು. ಕಸುಬು ಬಲ್ಲವರಲ್ಲವೇ, ಹಾಗೆಯೇ ತಂಬಿಗೆಯ ನೀರಿನಲ್ಲಿ ಮುಳುಗಿಸಿಟ್ಟರು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ನಿಂಬೆ ಗಿಡಕ್ಕೆ ಸುರಿದು, ಮೆತ್ತಗಾದ ಭೋಜಪತ್ರವನ್ನು ಕತ್ತರಿಯಿಂದ ಏಳು ಪಟ್ಟಿ ಮಾಡಿ, ಕೊಳವೆಗೆ ಸುತ್ತಿ ದಾರ ಬಿಗಿದರು. ಮೊದಲ ಸಲ ಎಳೆದಾಗ ಬಾಯಿ ತುಂಬ ನೀರು ಬಂತು. ಎರಡನೆಯ ಸಲ ಗುಡುಗುಡು ಎಂದು ಹುಕ್ಕಾ ಮಾತಾಡಿತು. ಅಜ್ಜನ ಕೆಮ್ಮಿನ ಸಮೇತ ಇಡೀ ಬಾಲ್ಯ ಆ ಸದ್ದಿನಲ್ಲಿ ಬಂದು ಕೂತಿತು. ಕಾಶೀರಾಮರ ಕಣ್ಣು ತೇವವಾದವು. ಅರ್ಧ ಹೊಗೆಯಿಂದ, ಅರ್ಧ ನಿಜವಾಗಿ.

ಆ ಸಂಜೆ ಜಿಜಾಬಾಯಿ ಮಗಳ ಮಾತು ತೆಗೆದಳು. ಮಗಳು ಶಾಲುಬಾಯಿಯನ್ನು ಔರಾದಕ್ಕೆ ಕೊಟ್ಟಿದ್ದರು. ಹೋದ ವರ್ಷ ಅವಳ ಹೊಟ್ಟೆಯಲ್ಲಿ ನಿಂತದ್ದು ಐದು ತಿಂಗಳಿಗೇ ಹೋಗಿತ್ತು. ಆಮೇಲೆ ಹುಡುಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಈಗ ಒಂಬತ್ತನೆಯ ತಿಂಗಳು. ಸೋಮವಾರ ಬಸ್ಸಿಗೆ ಹೆರಿಗೆಗೆಂದು ತವರಿಗೆ ಬರುವವಳಿದ್ದಳು.

“ಬಂದ ಕೂಡ್ಲೇ ನಮ್ಮವ್ವನ ಭೋಜಪತ್ರ ಅಕಿ ತೋಳಿಗಿ ಕಟ್ಟಬೇಕರಿ,” ಎಂದಳು ಜಿಜಾಬಾಯಿ. “ಆ ಮರ ತೊಗಟಿ ಬಿಟ್ಟಷ್ಟು ಸಲೀಸಾಗಿ ತಾಯಿ ಕೂಸು ಬ್ಯಾರೆ ಆಗ್ತಾರಂತ. ಹೋದ ಸಲ ನಾ ಕಟ್ಟದೇ ಕೆಟ್ಟೆ. ಈ ಸಲ ಅದೊಂದರ ಮ್ಯಾಲೇ ನನ್ನ ಜೀವ ಅದ.”

ಕಾಶೀರಾಮರ ಜೀವ ಮಾತ್ರ ಹುಕ್ಕಾದ ಕೊಳವೆಯೊಳಗೆ ಹೋಗಿ ಕೂತಿತು. ಆ ಭೋಜಪತ್ರದಲ್ಲಿ ಏನಿದೆ ಎಂದು ಕೇಳಿದರು. ಅದು ಹೆಣ್ಣುಮಕ್ಕಳ ವಿಷಯ, ನಿಮಗೆ ಯಾಕೆ ಎಂದು ಅವಳು ಒಲೆಯ ಕಡೆ ತಿರುಗಿದಳು. ತೋಳಿಗೆ ಕಟ್ಟುವ ಭೋಜಪತ್ರದ ಮೇಲೆ ಬರೆದಿರುವುದು ಇನ್ನೇನಿದ್ದೀತು, ಮಂತ್ರ! ಯಾವ ಮಹಾತ್ಮರ ಕೈಬರಹವೋ! ನೀರು ಕಂದಾದದ್ದು ಆ ಬರಹ ಕರಗಿಯೇ ಎಂದು ಹೊಳೆದು ನಿಂಬೆ ಗಿಡದ ಕಡೆ ಓಡಿದರು. ಮಂತ್ರ ಕುಡಿದ ಗಿಡ ಹಿತ್ತಿಲಲ್ಲಿ ಸುಖವಾಗಿ ನಿಂತಿತ್ತು. ಮಗಳಿಗೆ ಉಳಿದದ್ದು ತಂಬಾಕಿನ ನಾತದ ಏಳು ಪಟ್ಟಿ.

ಐತವಾರ ಬೆಳಗ್ಗೆ ನೈಚಾವನ್ನು ಪಂಚೆಯಲ್ಲಿ ಸುತ್ತಿಕೊಂಡು ಖಾಸಿಂ ಅಲಿಯ ಮುಂದೆ ನಿಂತರು. ಮುದುಕ ದಾರ ಬಿಚ್ಚಿ, ಪಟ್ಟಿಗಳನ್ನು ಒಂದೊಂದಾಗಿ ಹರವಿ, ಕೊನೆಗೆ ಪೇಶಕಾರರ ಮುಖ ನೋಡಿದ. ಕಾಶೀರಾಮರು ಎಲ್ಲವನ್ನೂ ಒದರಿಬಿಟ್ಟರು. ಖಾಸಿಂ ಅಲಿ ನಗಲಿಲ್ಲ. ಎದ್ದುಹೋಗಿ, ಕುರಾನ್ ಇಡುವ ಗೂಡಿನ ಪಕ್ಕದಿಂದ ಆ ಅಂಗೈಯಗಲದ ಚೂರು ತಂದ. ಅವನ ಉಸ್ತಾದ ಕೊಟ್ಟು ಹೋದದ್ದಂತೆ; ಮೂವತ್ತು ವರ್ಷದಿಂದ ಯಾವ ನೈಚಾಕ್ಕೂ ಹಾಕದೆ ಇಟ್ಟುಕೊಂಡಿದ್ದ.

“ತಗೋರಿ ಪೇಶಕಾರ ಸಾಬ್. ಹುಕ್ಕಾಕ್ಕಾದ್ರ ಕೊಡ್ತಿದ್ದಿಲ್ಲ. ಬೇಟಿ ಸಲುವಾಗಿ ಅಂದ್ರ ನಮ್ಮ ಉಸ್ತಾದನೂ ಇಲ್ಲ ಅಂತಿದ್ದಿಲ್ಲ.”

ಮೈಸೂರು ಸಾಹೇಬರು ನಾಲ್ಕು ಗಂಟೆಗೆ ಸರಿಯಾಗಿ ಬಂದರು. ನೈಚಾ ಇಲ್ಲದ ಹುಕ್ಕಾ ಬೋಳುಬೋಳಾಗಿ ಕಾಣುತ್ತದೆಂದು ಜಿಜಾಬಾಯಿ ಬುಡದೊಳಗೆ ನಾಲ್ಕು ಚೆಂಡುಹೂ ಸಿಕ್ಕಿಸಿಟ್ಟಿದ್ದಳು. ಸಾಹೇಬರು ಅದನ್ನು ದಿಟ್ಟಿಸಿ ನೋಡಿ, ಹೂದಾನಿ ಬಹಳ ಸೊಗಸಾಗಿದೆ, ನಿಮ್ಮ ಕಡೆಯವರಿಗೆ ಹೂವಿನ ಮೇಲೆ ಎಷ್ಟು ಪ್ರೀತಿ ಎಂದು ಮೆಚ್ಚಿಕೊಂಡರು. ಬೀದರದ ಮರ್ಯಾದೆ ಅಷ್ಟಕ್ಕೆ ಉಳಿಯಿತು. ಬೇರೆ ದಿನವಾಗಿದ್ದರೆ ಕಾಶೀರಾಮರು ಎದೆ ಬಡಿದುಕೊಳ್ಳುತ್ತಿದ್ದರು. ಅಂದು ಹೌದು ಹೌದು ಎಂದು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡರು.

ಸೋಮವಾರ ಬೆಳಗ್ಗೆ ಜಿಜಾಬಾಯಿ ನೀರಿಗೆ ಹೋದಳು. ಕಾಶೀರಾಮರು ಕೇಸರಿ ಅರೆದು ಮಸಿ ಮಾಡಿ, ಬರೆಯುವ ಟಾಕು ಹಿಡಿದು, ಖಾಸಿಂ ಅಲಿಯ ಚೂರನ್ನು ಮುಂದಿಟ್ಟುಕೊಂಡು ಕೂತರು. ಬರೆಯುವುದೇನು? ಉರ್ದುವಿನಲ್ಲಿ ಬರೆದರೆ ಅತ್ತೆಯ ಮಹಾತ್ಮರಿಗೆ ಉರ್ದು ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಭಾಲ್ಕಿಯ ಕಡೆಯ ಮಹಾತ್ಮರೆಂದರೆ ಕನ್ನಡದವರೇ ಇರಬೇಕು. ಸರಿ, ಕನ್ನಡದಲ್ಲಿ ಅವರಿಗೆ ಬರುತ್ತಿದ್ದ ಮಂತ್ರ ಯಾವುದು? ಒಂದೂ ಇಲ್ಲ. ಬರುತ್ತಿದ್ದದ್ದು ಒಂದೇ ಬರಹ. ಮಗಳ ಮುಖ ಕಣ್ಣೆದುರು ಬಂದು ನಿಂತಾಗ ಟಾಕು ತಾನಾಗಿ ಓಡಿತು. ಬರೆದು ಮುಗಿಸಿ, ಒಣಗಿಸಿ, ಮಡಚಿ, ಕೆಂಪು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನ ತಳಕ್ಕೆ ಸೇರಿಸಿದರು.

ಮಧ್ಯಾಹ್ನ ಶಾಲುಬಾಯಿ ಬಂದಳು. ಕಣ್ಣ ಕೆಳಗೆ ಕಪ್ಪು, ತುಟಿಯ ಮೇಲೆ ಹೆದರಿಕೆ. ಉಂಡು ಕೈ ತೊಳೆದ ಮೇಲೆ ಜಿಜಾಬಾಯಿ ಗಂಟು ತಂದು ದೇವರ ಮುಂದೆ ಕೂತು ಬಿಚ್ಚಿದಳು. ಬಿಚ್ಚಿದವಳು ಅದನ್ನು ಬೆಳಕಿಗೆ ಹಿಡಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು, ಓದುತ್ತಿದ್ದಳು. ಕಾಶೀರಾಮರು ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಆಸಕ್ತಿ ವಹಿಸಿದರು.

“ಇದರಾಗ ಏನೋ ಬರದದರಿ,” ಎಂದಳು.

ಮಹಾತ್ಮರ ಬರಹ, ಎಷ್ಟು ಹಳೆಯದೋ ಏನೋ ಎಂದು ಕಾಶೀರಾಮರು ಕ್ಯಾಲೆಂಡರಿಗೆ ಹೇಳಿದರು.

“ನಮ್ಮವ್ವನ ಭೋಜಪತ್ರ ಖಾಲಿ ಇತ್ತು.”

ಕಾಶೀರಾಮರ ಕಿವಿಯಲ್ಲಿ ಹುಕ್ಕಾ ಗುಡುಗುಡು ಎಂದಿತು. ಜಿಜಾಬಾಯಿ ಮಗಳ ಕಡೆ ತಿರುಗಿ ಹೇಳತೊಡಗಿದಳು. ಅವಳ ಅವ್ವನಿಗೆ ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಉತ್ತರದ ಯಾತ್ರೆಯಿಂದ ಬಂದ ಒಬ್ಬ ಬೈರಾಗಿ ಭೋಜಪತ್ರ ಕೊಟ್ಟು, ಮರುದಿನ ಒಳ್ಳೆಯ ಗಳಿಗೆ ನೋಡಿ ಮಂತ್ರ ಬರೆದುಕೊಡುತ್ತೇನೆ ಎಂದಿದ್ದ. ಮರುದಿನ ಬೆಳಕು ಹರಿಯುವ ಮೊದಲೇ ಜಿಜಾಬಾಯಿ ಹುಟ್ಟಿಬಿಟ್ಟಳು. ಬೈರಾಗಿ ನಕ್ಕು, ಇನ್ನು ಇದಕ್ಕೆ ಬರಹ ಯಾಕೆ ತಾಯಿ ಎಂದು ಹೊರಟುಹೋದ. ಅಂದಿನಿಂದ ಆ ಮನೆಯ ಎಲ್ಲ ಹೆರಿಗೆಗೂ ಖಾಲಿ ಭೋಜಪತ್ರವೇ. ವರ್ಷಕ್ಕೊಮ್ಮೆ ಬಿಚ್ಚಿ ನೆರಳಲ್ಲಿ ಗಾಳಿಗಿಡುವವಳು ತಾನೇ. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ ಎಂದಳು. ಖಾಸಿಂ ಅಲಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಮಡಚಿಟ್ಟಿದ್ದರೆ ಬಹುಶಃ ಅವಳೂ ಮೋಸ ಹೋಗುತ್ತಿದ್ದಳು. ಪೇಶಕಾರರಿಗೆ ಖಾಲಿ ಹಾಳೆ ಕಂಡರೆ ಕೈ ಸುಮ್ಮನಿರಬೇಕಲ್ಲ!

“ಹ್ಞಾಂ, ಓದ್ರಿ,” ಎಂದು ಭೋಜಪತ್ರವನ್ನು ಗಂಡನ ಕೈಗಿತ್ತಳು. “ಮಗಳೂ ಕೇಳ್ಲಿ.”

ಬೇರೆ ದಾರಿ ಇರಲಿಲ್ಲ. ಕಾಶೀರಾಮರು ಅಕ್ಷರ ಕೂಡಿಸಿ ಕೂಡಿಸಿ ಓದಿದರು: “ಮಾನ್ಯ ಭಗವಂತರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಮಗಳು ಶಾಲುಬಾಯಿ ಈಕೆಗೆ ಹೆರಿಗೆ ಇರುವ ಕಾರಣ, ತಾಯಿ ಮತ್ತು ಕೂಸು ಇಬ್ಬರನ್ನೂ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಹೋದ ವರ್ಷದ ಅರ್ಜಿ ನಾಮಂಜೂರಾದದ್ದನ್ನು ತಮ್ಮ ಗಮನಕ್ಕೆ ತರಲಾಗಿದೆ. ತಮ್ಮ ವಿಧೇಯ ಸೇವಕ.”

ಶಾಲುಬಾಯಿ ಮೊದಲು ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಸೆರಗಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಒಂದು ವರ್ಷದ ಮೇಲೆ ಆ ಮನೆಯಲ್ಲಿ ಅವಳ ನಗೆ ಕೇಳಿಸಿತು. ಕಾಶೀರಾಮರು ತಲೆ ತಗ್ಗಿಸಿ ಟ್ರಂಕು, ಕತ್ತರಿ, ನಿಂಬೆ ಗಿಡ ಎಲ್ಲವನ್ನೂ ಒಪ್ಪಿಕೊಂಡರು. ಜಿಜಾಬಾಯಿಯ ಕಣ್ಣು ತುಂಬಿದ್ದವು. ಅವ್ವನದು ಹೋಯಿತೆಂಬ ಸಂಕಟ ಅದರಲ್ಲಿತ್ತು. ಆದರೆ ಮಗಳ ನಗು ಕೇಳಿದ ಮೇಲೆ ಗಂಡನನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ.

“ಕೆಳಗ ಸಹಿ ಎಲ್ಲದರಿ?” ಎಂದಷ್ಟೇ ಕೇಳಿದಳು. “ಸಹಿ ಇಲ್ಲಂತ ಎಷ್ಟು ಮಂದಿ ಅರ್ಜಿ ವಾಪಸ್ ಕಳಿಸೀರಿ ನೀವು?”

ಕಾಶೀರಾಮರು ಟಾಕು ತಂದರು. ಬಲದಿಂದ ಎಡಕ್ಕೆ ಹೊರಟ ಕೈಯನ್ನು ತಡೆದು, ಹುಟ್ಟಿದಂದಿನಿಂದ ಮೊದಲ ಸಲ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಜಿಜಾಬಾಯಿ ಅದನ್ನು ಮಡಚಿ, ಅರಿಸಿನದ ದಾರದಿಂದ ಮಗಳ ತೋಳಿಗೆ ಕಟ್ಟಿದಳು.

ಕಟ್ಟಿದ ಹದಿನಾರನೆಯ ದಿನ ನೋವು ಶುರುವಾಯಿತು. ಒಂದು ಹಗಲು ಹೋಯಿತು, ಇನ್ನೊಂದು ಹಗಲೂ ಹೋಗುತ್ತ ಬಂತು. ಕಾಶೀರಾಮರು ಅಂಗಳದಲ್ಲಿ ಎಷ್ಟು ಸುತ್ತು ಹಾಕಿದರೆಂದರೆ ಅಷ್ಟರಲ್ಲಿ ಭಾಲ್ಕಿಗೆ ನಡೆದು ಮುಟ್ಟಬಹುದಿತ್ತು. ಸೂರ್ಯ ಇಳಿಯುವ ಹೊತ್ತಿಗೆ ಒಳಗೆ ಕೂಸು ಅತ್ತಿತು. ಜಿಜಾಬಾಯಿ ಬಾಗಿಲು ತೆರೆದು ಬಟ್ಟೆಯಲ್ಲಿ ಸುತ್ತಿದ ಮೊಮ್ಮಗಳನ್ನು ತೋರಿಸಿದಳು. ತಾಯಿಯೂ ಚೆನ್ನಾಗಿದ್ದಾಳೆ ಎಂದಳು. ಕಾಶೀರಾಮರು ಕೂಸಿನ ಕೆನ್ನೆಗೆ ಬೆರಳು ತಾಗಿಸಿದರು. ಅಷ್ಟರಲ್ಲಿ ಅವರೊಳಗಿನ ಪೇಶಕಾರ ಎಚ್ಚೆತ್ತ. ಎದೆಯುಬ್ಬಿಸಿ, ನೋಡಿದೆಯಾ, ನನ್ನ ಅರ್ಜಿ ಮಂಜೂರಾಯಿತು ಎಂದರು.

ಜಿಜಾಬಾಯಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

“ಆಯ್ತರಿ, ಯಾಕಾಗಲ್ಲ. ನಮ್ಮವ್ವನ ಖಾಲಿ ಭೋಜಪತ್ರ ಇದ್ದಿದ್ರ ನಿನ್ನೆ ಮುಂಜಾನಿನೇ ಆಗಿ ಹೋಗ್ತಿತ್ತು. ನೀವು ಅರ್ಜಿ ಹಾಕಿದ್ರಿ, ಎರಡು ದಿನ ತಡಾ ಆಯ್ತು.”