ಆರ್ಕೆಸ್ಟ್ರಾ ಬಿಟ್ಟ ಗಿಟಾರಿನವನಿಗೆ ಊರೂರಿನ ತೀರ್ಪು

ನಮ್ಮ ಕಡೆ ಯಾರಾದರೂ ಹೆಸರಾದ ಗುಂಪೊಂದನ್ನು ಬಿಟ್ಟು ಒಬ್ಬರೇ ನಿಂತರೆ ಸಾಕು, ಮಾರನೇ ದಿನದಿಂದ ಊರಿಗೆ ಊರೇ ಜಡ್ಜಿ ಆಗಿಬಿಡುತ್ತದೆ. ಬಿಟ್ಟಿದ್ದು ಸರಿಯೋ ತಪ್ಪೋ, ಒಬ್ಬನೇ ಎಷ್ಟು ದಿನ ತಾಳುತ್ತಾನೆ ಅಂತ ಯಾರೂ ಕೇಳದೇ ಇದ್ದರೂ ಹೇಳುತ್ತಾರೆ. ಚನ್ನಗಿರಿಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇತ್ತು. ಎಂಬತ್ತರ ಆಸುಪಾಸಿನಲ್ಲಿ ನನ್ನ ಗೆಳೆಯನೊಬ್ಬ ದೊಡ್ಡ ಆರ್ಕೆಸ್ಟ್ರಾ ಬಿಟ್ಟು ಒಬ್ಬನೇ ಗಿಟಾರ್ ನುಡಿಸಲು ಹೊರಟಾಗ, ಅವನ ಹಿಂದೆ ಆಂಪ್ಲಿಫೈಯರ್ ಹೊತ್ತುಕೊಂಡು ತಿರುಗಿದವನು ನಾನೇ. ಹಾಗಾಗಿ ಎಲ್ಲಾ ತೀರ್ಪುಗಳನ್ನೂ ಹತ್ತಿರದಿಂದ ಕೇಳಿದ್ದೇನೆ.

ಮೊದಲ ತೀರ್ಪು

ಆ ಆರ್ಕೆಸ್ಟ್ರಾ ದಾವಣಗೆರೆಯದು. ಹದಿನಾಲ್ಕು ಜನ, ಹದಿನಾಲ್ಕು ಮೆರೂನ್ ಕೋಟು. ಸುತ್ತಲಿನ ಯಾವ ಊರಲ್ಲಿ ಅವರ ಕಾರ್ಯಕ್ರಮ ಆದರೂ ಜನ ಮರ ಹತ್ತಿ ಕೂತು ನೋಡುತ್ತಿದ್ದರು. ನನ್ನ ಗೆಳೆಯ ಅದರಲ್ಲಿ ಹನ್ನೊಂದು ವರ್ಷ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ. ಒಂದು ಹಾಡಿನ ಮಧ್ಯೆ ಉಳಿದವರೆಲ್ಲ ನಿಲ್ಲಿಸಿ ಗಿಟಾರ್ ಒಂದೇ ಬರುವ ಜಾಗ ಇತ್ತು. ಅದಕ್ಕೋಸ್ಕರ ಅವನು ವಾರಗಟ್ಟಲೆ ಕೂತು ಅಭ್ಯಾಸ ಮಾಡಿದ್ದ. ಆದರೆ ಆ ಹೊತ್ತಿಗೆ ಸರಿಯಾಗಿ ಮುಖ್ಯ ಗಾಯಕರು ನೀರು ಕುಡಿದು, ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, ಜನರಿಗೆ ಕೈ ಬೀಸುತ್ತಿದ್ದರು. ಜನ ಕೈ ಬೀಸಿದ್ದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ದಿನ ಗಾಯಕರು ಆ ಚಪ್ಪಾಳೆಗೆ ಬಗ್ಗಿ ನಮಸ್ಕಾರವನ್ನೂ ಮಾಡಿಬಿಟ್ಟರು. ಅವತ್ತೇ ನನ್ನ ಗೆಳೆಯ ಮ್ಯಾನೇಜರ್ ಹತ್ತಿರ ಹೋಗಿ, "ನಾನು ಬಿಡ್ತೀನ್ರಿ" ಅಂದ.

ಹನ್ನೊಂದು ವರ್ಷದ ಋಣ, ಏನಾದರೂ ಹೇಳಿ ತಡೆಯುತ್ತಾರೆ ಅಂತ ಅವನಿಗೆ ಒಳಗೊಳಗೇ ಆಸೆ. ಮ್ಯಾನೇಜರ್ ಇವನನ್ನು ಮೇಲಿಂದ ಕೆಳಗೆ ನೋಡಿ, "ಕೋಟು ಬಿಚ್ಚಿಟ್ಟು ಹೋಗಪ್ಪ" ಅಂದರು.

ಚನ್ನಗಿರಿಗೆ ಬಂದವನೇ ಮನಸ್ಸು ಹಗುರ ಮಾಡಿಕೊಳ್ಳಲು ಕ್ಷೌರಕ್ಕೆ ಹೋದ. ನಾನೂ ಜೊತೆಗಿದ್ದೆ. ಕ್ಷೌರದವರು ಆ ಆರ್ಕೆಸ್ಟ್ರಾದ ಭಾರೀ ಅಭಿಮಾನಿ, ಒಂದು ಕಾರ್ಯಕ್ರಮವನ್ನೂ ಬಿಟ್ಟವರಲ್ಲ. ಇವನು ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ, ದೊಡ್ಡ ಸುದ್ದಿ ಹೇಳುವವನ ಹಾಗೆ, "ನಾನು ಆರ್ಕೆಸ್ಟ್ರಾ ಬಿಟ್ಟೆ" ಅಂದ.

ಕತ್ತರಿ ನಿಂತಿತು. ಅವರು ಇವನನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು.

"ಅದರಾಗೆ ನೀವು ಇದ್ರಾ?" ಅಂದರು.

ಒಬ್ಬನೇ ನಿಂತದ್ದು

ಅವನ ಮೊದಲ ಒಂಟಿ ಕಾರ್ಯಕ್ರಮ ಚನ್ನಗಿರಿಯಲ್ಲೇ, ಒಂದು ಯುವಕ ಸಂಘದ ವಾರ್ಷಿಕೋತ್ಸವದಲ್ಲಿ. ಸಂಜೆ ನಾಲ್ಕು ಗಂಟೆಗೆ. ಅಧ್ಯಕ್ಷತೆಗೆ ಒಬ್ಬ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರನ್ನು ಕರೆದಿದ್ದರು. ಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು.

ಗೆಳೆಯ ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಹಿಂದಿನ ವಾರವಿಡೀ ನಿದ್ದೆ ಮಾಡಿರಲಿಲ್ಲ. "ಹಾಡೋರು ಬೇಡವೇನೋ? ಒಂದು ತಬಲಾನಾದರೂ ಇರಲಿ" ಅಂತ ನಾನು ಹೇಳಿದ್ದಕ್ಕೆ, "ಗಿಟಾರೇ ಮಾತಾಡ್ತೈತೆ, ನೋಡ್ತಿರು" ಅಂದಿದ್ದ.

ಪರದೆ ಸರಿಯಿತು. ನಡುವೆ ಇವನೊಬ್ಬನೇ. ತಾನೇ ಕಟ್ಟಿದ ರಾಗವೊಂದನ್ನು ಕಣ್ಣು ಮುಚ್ಚಿಕೊಂಡು ಏಳೆಂಟು ನಿಮಿಷ ನುಡಿಸಿದ. ಸುಳ್ಳು ಯಾಕೆ ಹೇಳಲಿ, ಮೈಕಿನ ಹತ್ತಿರ ಕೂತಿದ್ದ ನನಗೆ ಮೈ ಜುಮ್ಮೆಂದಿತು. ಅಂಥದ್ದನ್ನು ಆ ಆರ್ಕೆಸ್ಟ್ರಾದಲ್ಲಿ ಅವನಿಗೆ ಯಾವತ್ತೂ ನುಡಿಸಲು ಬಿಟ್ಟಿರಲಿಲ್ಲ. ಮುಗಿಸಿ ಕಣ್ಣು ತೆರೆದ. ಸಭೆಯಲ್ಲಿ ಒಂದು ಸದ್ದೂ ಇಲ್ಲ. ಜನ ಮೈಮರೆತಿದ್ದಾರೆ ಅಂತ ಅವನೂ ಅಂದುಕೊಂಡ, ನಾನೂ ಅಂದುಕೊಂಡೆ.

ಆಗ ಅಧ್ಯಕ್ಷರು ಎದ್ದು ನಿಂತು, ಪೇಟ ಸರಿಮಾಡಿಕೊಂಡು, ನನ್ನ ಕಡೆ ತಿರುಗಿ ತೃಪ್ತಿಯಿಂದ ಹೇಳಿದರು: "ಮೈಕ್ ಟೆಸ್ಟಿಂಗ್ ಭಾಳ ಚೆನ್ನಾಗಿ ಬಂತು. ಇನ್ನು ಕಾರ್ಯಕ್ರಮ ಶುರು ಮಾಡ್ರಿ."

ಹೊನ್ನಾಳಿಯ ಗೃಹಪ್ರವೇಶ

ಹೊನ್ನಾಳಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಊಟದ ಹೊತ್ತಿಗೆ ಏನಾದರೂ ಹೊಸ ಥರದ್ದು ಇರಲಿ ಅಂತ ಇವನನ್ನು ಕರೆಸಿದರು. ಮೊದಲ ಪಂಕ್ತಿಗೆ ಎಲೆ ಹಾಕಿದರು, ಇವನು ಶುರು ಮಾಡಿದ, ಪಲ್ಯ ಬಡಿಸುವಷ್ಟರಲ್ಲಿ ಕರೆಂಟ್ ಹೋಯಿತು. ನನ್ನ ಬ್ಯಾಟರಿ ಅವತ್ತು ಚನ್ನಗಿರಿಯಲ್ಲಿ ಚಾರ್ಜಿಗೆ ಕೂತಿತ್ತು.

ಎಲೆಕ್ಟ್ರಿಕ್ ಗಿಟಾರ್ ಕರೆಂಟ್ ಇಲ್ಲದೆ ಸೊಳ್ಳೆಯಷ್ಟೂ ಕೂಗುವುದಿಲ್ಲ. ನಾನು ಅವನ ಕಿವಿಯಲ್ಲಿ, "ನಿಲ್ಲಿಸೋ" ಅಂದೆ.

"ನಿಲ್ಸಂಗಿಲ್ಲ" ಅಂದ. "ಕರೆಂಟ್ ಬಂದಾಗ ನಾನು ಹಾಡಿನ ಮಧ್ಯದಾಗೆ ಇರಬೇಕು. ಇಲ್ಲಂದ್ರೆ ಮೊದಲಿಂದ ಶುರು ಮಾಡಿದಂಗೆ ಕಾಣ್ತೈತೆ."

ಹಾಗೇ ನುಡಿಸಿದ. ಒಂದೂವರೆ ತಾಸು, ಮೂರು ಪಂಕ್ತಿ. ಬೆರಳು ಓಡುತ್ತಿವೆ, ತಲೆ ಆಡುತ್ತಿದೆ, ಮೇಲಿನ ಸ್ವರಕ್ಕೆ ಹುಬ್ಬು ಏರುತ್ತಿದೆ, ಸದ್ದು ಮಾತ್ರ ಇಲ್ಲ. ಎದುರಿಗೆ ಕೂತ ಅಜ್ಜಿಯೊಬ್ಬರು ಹೋಳಿಗೆ ಮುರಿಯುವುದನ್ನು ಬಿಟ್ಟು ಇವನನ್ನೇ ನೋಡುತ್ತಿದ್ದರು. ಆಮೇಲೆ ಬಡಿಸುವವರನ್ನು ಕರೆದು, "ಆ ಹುಡುಗಗೆ ಮೊದಲು ಊಟಕ್ಕೆ ಹಾಕ್ರಿ, ಮೈಯಾಗೆ ಹುಷಾರಿದ್ದಂಗೆ ಕಾಣಾಕಿಲ್ಲ" ಅಂದರು.

ಕೊನೇ ಪಂಕ್ತಿ ಎದ್ದ ಮೇಲೂ ಕರೆಂಟ್ ಬರಲಿಲ್ಲ. ಸಾಹುಕಾರರು ಎಲೆ ಅಡಿಕೆ ತಟ್ಟೆ ಹಿಡಿದು ಬಂದಾಗ ನನ್ನ ಗೆಳೆಯನಿಗೆ ತಲೆ ಎತ್ತಲು ಸಂಕೋಚ. ಅವರೋ, ಇವನ ಎರಡೂ ಕೈ ಹಿಡಿದುಕೊಂಡರು.

"ಮೊದಲಿಗೆ ನುಡಿಸಿದ್ದು ಅಷ್ಟಕ್ಕಷ್ಟೇ ಇತ್ರಿ" ಅಂದರು. "ಕರೆಂಟ್ ಹೋದಮ್ಯಾಲೆ ನುಡಿಸಿದಿರಲ್ಲ, ಅದು ಬೀಗರಿಗೆಲ್ಲಾ ಭಾಳ ಹಿಡಿಸ್ತು."

ನ್ಯಾಮತಿಯ ಪೋಸ್ಟರು

ನ್ಯಾಮತಿಯ ಕಾರ್ಯಕ್ರಮಕ್ಕೆ ಗೆಳೆಯ ಒಂದೇ ಒಂದು ಷರತ್ತು ಹಾಕಿದ್ದ: ಪೋಸ್ಟರಿನಲ್ಲಿ ಹಳೇ ಆರ್ಕೆಸ್ಟ್ರಾದ ಹೆಸರು ಬರಕೂಡದು. "ನನ್ನ ಹೆಸರಿನ ಮ್ಯಾಲೆ ಬಂದೋರು ಬರಲಿ, ಇಲ್ಲದಿದ್ರೆ ಬ್ಯಾಡ" ಅಂದ. ನಡೆಸುವವರು ಅಲ್ಲಿನ ಬಟ್ಟೆ ಅಂಗಡಿಯ ಯಜಮಾನರು, ಸಂಗೀತಪ್ರೇಮಿ. "ಆತು ಬಿಡ್ರಿ, ನಿಮ್ಮ ಇಷ್ಟ" ಅಂದರು.

ಬಸ್ಸಿಳಿದು ನೋಡಿದರೆ ಗೋಡೆ ಗೋಡೆಯ ಮೇಲೂ ಆರ್ಕೆಸ್ಟ್ರಾದ ಹೆಸರು, ಒಂದೊಂದು ಅಕ್ಷರ ಮಜ್ಜಿಗೆ ತಂಬಿಗೆಯಷ್ಟು ದಪ್ಪ. ಅದರ ಕೆಳಗೆ, ಹತ್ತಿರ ಹೋಗಿ ಬಗ್ಗಿದರೆ ಕಾಣುವ ಹಾಗೆ, "ಬಿಟ್ಟು ಬಂದವರು" ಅಂತ ಇತ್ತು. ಅದರ ಕೆಳಗೆ ಇವನ ಹೆಸರು ಇತ್ತಂತೆ. ಅದರ ಮೇಲೆ ಗೋಂದು ಚೆಲ್ಲಿತ್ತು.

ಜನ ಜಾತ್ರೆಗೆ ಬಂದ ಹಾಗೆ ಬಂದರು. ಸೂರಗೊಂಡನಕೊಪ್ಪದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ವೇದಿಕೆಯ ಮೇಲೆ ಇವನೊಬ್ಬನನ್ನೇ ನೋಡಿ ಹಿಂದಿನಿಂದ ಕೂಗು ಎದ್ದಿತು: "ಉಳಿದೋರು ಎಲ್ಲಿ?" ಕುರ್ಚಿಗಳು ಮೇಲೇಳುವ ಹೊತ್ತಿಗೆ ಯಜಮಾನರು ಓಡಿಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

"ಮಹಾಜನಗಳೇ, ಶಾಂತ ಆಗ್ರಿ! ಉಳಿದೋರ ವ್ಯಾನು ಕೆಟ್ಟು ದಾರೀಲಿ ನಿಂತೈತೆ. ಅವರು ಬರೋವರೆಗೂ ಹೊತ್ತು ಹೋಗಾಕೆ ಇವರು ಏನಾದ್ರೂ ನುಡಿಸ್ತಿರ್ತಾರೆ!"

ನನ್ನ ಗೆಳೆಯನ ಮುಖ ನೋಡಲಾಗಲಿಲ್ಲ. ಗಿಟಾರ್ ಇಳಿಸಿ ಹೊರಟೇ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು ಎರಡು ತಾಸು ನುಡಿಸಿದ. ಕೋಪದಲ್ಲಿ ನುಡಿಸಿದ್ದಕ್ಕೋ ಏನೋ, ಅದರಷ್ಟು ಚೆನ್ನಾಗಿ ಅವನು ನುಡಿಸಿದ್ದನ್ನು ನಾನು ಕೇಳಿಲ್ಲ. ಜನ ವ್ಯಾನಿನ ಸುದ್ದಿ ಮರೆತು ಕೂತರು. ಕೊನೆಗೆ ಚಪ್ಪಾಳೆಯೂ ಬಿತ್ತು.

ಇಳಿದು ಬರುವಾಗ ಒಬ್ಬ ಹಿರಿಯರು ಅಡ್ಡ ನಿಂತು ಇವನ ಭುಜದ ಮೇಲೆ ಕೈಯಿಟ್ಟರು. "ಉಳಿದೋರು ಬರದೇ ಇದ್ದದ್ದೇ ಒಳ್ಳೇದಾತು ನೋಡಪ್ಪ" ಅಂದರು.

ಅಷ್ಟು ದಿನಕ್ಕೆ ಅವನಿಗೆ ಸಿಕ್ಕ ಮೊದಲ ಒಳ್ಳೇ ಮಾತು. ಅವನ ಕಣ್ಣು ತುಂಬಿತು. "ನಿಮ್ಮ ಆಶೀರ್ವಾದ ಅಜ್ಜಾರೆ" ಅಂತ ಕಾಲಿಗೆ ಬಗ್ಗಿದ.

"ಒಬ್ಬನೇ ಇಷ್ಟು ಸದ್ದು ಮಾಡಿದಿ" ಅಂದರು ಅಜ್ಜ. "ಹದಿನಾಲ್ಕು ಮಂದಿ ಸೇರಿದ್ರೆ ನಾವು ಉಳೀತಿದ್ವಾ?"

ಹೆಣ್ಣಿನ ಮನೆಯ ವಿಚಾರಣೆ

ಅದಾದ ಮೇಲೆ ಅವನು ಒಂದು ತಿಂಗಳು ಗಿಟಾರ್ ಮುಟ್ಟಲಿಲ್ಲ. ನನ್ನ ಅಂಗಡಿಗೆ ಬಂದು ವೈರು ಸುತ್ತುತ್ತಾ ಕೂರುತ್ತಿದ್ದ. "ನಾನು ಬಿಟ್ಟಿದ್ದು ತಪ್ಪಾತೇನೋ?" ಅಂತ ಒಂದು ದಿನ ಕೇಳಿದ. ನಾನು ಚಹಾ ತರಿಸಿದೆ. ಅಂಥ ಹೊತ್ತಿನಲ್ಲೇ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ಹೊಲಿಗೆ ಕಲಿಸುವ ಟೀಚರು. ಅವನ ಕಡೆಯ ದೊಡ್ಡವರ ಜೊತೆ ನಾನೂ ಹೋದೆ.

ಹುಡುಗಿಯ ಅಪ್ಪ ಕಿರಾಣಿ ಅಂಗಡಿಯವರು, ಮಾತು ತೂಕ ಮಾಡಿ ಆಡುವವರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆ ಬಂತು. ಇವನು ಮೆಣಸಿನಕಾಯಿ ಕಚ್ಚುವ ಹೊತ್ತಿಗೆ ಸರಿಯಾಗಿ ಅವರು ಶುರು ಮಾಡಿದರು.

"ಆರ್ಕೆಸ್ಟ್ರಾದಾಗೆ ಇದ್ರಂತೆ. ತೆಗೆದ್ರೋ, ಬಿಟ್ರೋ?"

"ಬಿಟ್ಟೆ."

"ಏನು ಜಗಳ?"

"ಜಗಳ ಏನಿಲ್ರಿ. ಒಬ್ಬನೇ ನುಡಿಸ್ಬೇಕು ಅನ್ನಿಸ್ತು."

ಅಪ್ಪ ನಮ್ಮ ಕಡೆಯ ದೊಡ್ಡವರತ್ತ ತಿರುಗಿದರು. "ತಪ್ಪು ತಿಳಕಬ್ಯಾಡ್ರಿ. ಹದಿಮೂರು ಮಂದಿ ಜೊತೆ ಹೊಂದ್ಕಳಾಕೆ ಆಗದಿದ್ದೋರು ನಮ್ಮ ಹುಡುಗಿ ಜೊತೆ ಹೆಂಗೆ ಹೊಂದ್ಕತಾರೆ?"

ಇವನಿಗೆ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು. ಇಲ್ಲಿಗೆ ಮುಗಿಯಿತು ಅಂತ ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಅಂತ ನೋಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಹುಡುಗಿ ನೀರಿನ ಲೋಟ ಹಿಡಿದು ಬಂದು ಇವನ ಮುಂದೆ ಇಟ್ಟಳು. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಅಪ್ಪಾಜಿ, ಹದಿಮೂರು ಮಂದಿ ಜೊತೆ ಹನ್ನೊಂದು ವರ್ಷ ಇದ್ದಾರಲ್ಲ. ನೀವು ನಿಮ್ಮ ಒಬ್ಬ ತಮ್ಮನ ಜೊತೆ ಅಂಗಡಿ ಎಷ್ಟು ದಿನ ನಡೆಸಿದ್ರಿ?"

ಅಪ್ಪ ತಟ್ಟೆಯನ್ನು ನಮ್ಮ ಕಡೆ ಸರಿಸಿದರು. "ಇನ್ನೊಂದೊಂದು ಮೆಣಸಿನಕಾಯಿ ಹಾಕ್ಕಳ್ರಿ" ಅಂದರು. ಸಂಬಂಧ ಕುದುರಿತು.

ಜಗಳೂರಿನ ಮದುವೆ

ಮುಂದೆ ಅವನಿಗೆ ಕಾರ್ಯಕ್ರಮಗಳು ಬಂದವು, ರೇಡಿಯೋದಲ್ಲೂ ನುಡಿಸಿದ, ಸಂತೇಬೆನ್ನೂರಿನವರು ಶಾಲು ಹೊದಿಸಿದರು. ಅದನ್ನು ಹೊಗಳುವವರು ಹೊಗಳಲಿ. ನಾನು ಮದುವೆಯ ದಿನದ್ದು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ.

ಮದುವೆ ಜಗಳೂರಿನಲ್ಲಿ, ಬೆಳಗಿನ ಮುಹೂರ್ತ. ಗೆಳೆಯನ ಮದುವೆ ಅಂತ ನಾನು ನಾಲ್ಕು ಹಾರ್ನ್ ಸ್ಪೀಕರು ತಂದು, ಒಂದನ್ನು ಬಸ್ ಸ್ಟ್ಯಾಂಡಿನ ಕಡೆಗೇ ಮುಖ ಮಾಡಿ ಕಟ್ಟಿದ್ದೆ. ಒಂದು ಮೈಕನ್ನು ಅಯ್ಯನವರ ಮಂತ್ರ ಊರಿಗೆಲ್ಲ ಕೇಳಲಿ ಅಂತ ಮಂಟಪದಲ್ಲಿಟ್ಟಿದ್ದೆ. ಯಾರೂ ಎಣಿಸದ ಹಾಗೆ ಹಳೇ ಆರ್ಕೆಸ್ಟ್ರಾದವರೂ ಬಂದಿಳಿದರು. "ನಮ್ಮ ಹುಡುಗನ ಮದುವೆ, ನಾವು ನುಡಿಸದೇ ಇದ್ರೆ ಹೆಂಗೆ?" ಅಂದರು ಮ್ಯಾನೇಜರ್. ಗೆಳೆಯನಿಗೆ ಬಾಸಿಂಗದ ಹಿಂದೆ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

ನುಡಿಸಲು ಶುರು ಮಾಡಿದರು. ಅವರ ಹೊಸ ಗಿಟಾರಿನವನು ಒಂದು ಹಾಡಿನಲ್ಲಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ತಪ್ಪುತ್ತಿದ್ದ. ಇತ್ತ ಅಯ್ಯನವರು ಹುಡುಗಿಯ ಕೈಯನ್ನು ಹುಡುಗನ ಕೈಯಲ್ಲಿಟ್ಟು ಮಂತ್ರ ಹೇಳುತ್ತಿದ್ದರು. ನನ್ನ ಗೆಳೆಯ ಕೂತಲ್ಲೇ ಆ ಸ್ವರವನ್ನು ಸರಿಮಾಡುತ್ತಿದ್ದ, ಹುಡುಗಿಯ ಮುಂಗೈ ಮೇಲೆ. ಅಲ್ಲಿ ತಪ್ಪಿದಾಗಲೆಲ್ಲ ಇಲ್ಲಿ ಒತ್ತುತ್ತಿದ್ದ. ಬಳೆ ಎರಡು ಒಡೆದವು.

ಹುಡುಗಿ ತಡೆದುಕೊಂಡಳು, ತಡೆದುಕೊಂಡಳು. ಅಯ್ಯನವರು ಉಸಿರೆಳೆದುಕೊಳ್ಳಲು ನಿಲ್ಲಿಸಿದ ಹೊತ್ತಿಗೆ ಅವನ ಕಡೆ ಬಾಗಿ ಪಿಸುಗುಟ್ಟಿದಳು. ಮಧ್ಯೆ ನನ್ನ ಮೈಕ್ ಇತ್ತು. ನಾಲ್ಕೂ ಹಾರ್ನು ಒಟ್ಟಿಗೆ ಜಗಳೂರಿಗೆ ಸಾರಿದವು:

"ಮೊದಲು ನನ್ನ ಕೈ ಬಿಡ್ರಿ!"

ಊಟದ ಮನೆಯಲ್ಲಿ ಉಪ್ಪು ಬಡಿಸುತ್ತಿದ್ದವರು ಹಾಗೇ ನಿಂತರು. ಹುಡುಗಿಯ ಅಪ್ಪ ಕಂಬ ಹಿಡಿದುಕೊಂಡರು. ನಾನು ಗಾಬರಿಯಲ್ಲಿ ಮೈಕ್ ಆಫ್ ಮಾಡಿದೆ. ಅದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಅವಳ ಮಾತಿನ ಉಳಿದರ್ಧ ಮಂಟಪ ಬಿಟ್ಟು ಹೊರಗೆ ಹೋಗಲಿಲ್ಲ: "ಹೋಗಿ ಅವನಿಗೆ ಅದೊಂದನ್ನ ತೋರಿಸಿಕೊಟ್ಟು ಬರ್ರಿ, ಆಮೇಲೆ ತಾಳಿ ಕಟ್ಟೀರಂತೆ."

ಅಯ್ಯನವರು ಗಡಿಯಾರ ನೋಡಿ, "ಹತ್ತು ನಿಮಿಷ ಐತೆ, ಹೋಗಿ ಬರ್ರಿ" ಅಂದರು. ಮದುಮಗ ಬಾಸಿಂಗ ಸಮೇತ ಎದ್ದುಹೋಗಿ, ಹೊಸಬನ ಗಿಟಾರ್ ಇಸಿದುಕೊಂಡು, ಕೊರಳ ಹೂಮಾಲೆಯ ಮೇಲೇ ಪಟ್ಟಿ ಹಾಕಿಕೊಂಡು ನುಡಿಸಿದ. ಹದಿಮೂರು ಜನರೂ ಹುಮ್ಮಸ್ಸಿನಿಂದ ಕೂಡಿಕೊಂಡರು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಿಂದ ಬಿಳಿಚೋಡಿನ ಕಡೆಯ ಹಿರಿಯರೊಬ್ಬರು ಹತ್ತುವ ಬಸ್ಸನ್ನೂ ಬಿಟ್ಟು ಏದುಸಿರು ಬಿಡುತ್ತಾ ಓಡಿಬಂದರು. ಮದುಮಗ ಆರ್ಕೆಸ್ಟ್ರಾ ಬಿಟ್ಟವನು ಅನ್ನುವುದು, ಹಾರ್ನಿನಲ್ಲಿ ಕೇಳಿದ್ದು, ಇವೆರಡಷ್ಟೇ ಅವರಿಗೆ ಗೊತ್ತು. ಮಂಟಪದಲ್ಲಿ ಹುಡುಗಿ ಒಬ್ಬಳೇ ಕೂತಿದ್ದನ್ನು ನೋಡಿದರು. ಆಚೆ ಬಾಸಿಂಗ ಕಟ್ಟಿಕೊಂಡವನು ಆರ್ಕೆಸ್ಟ್ರಾದ ಮಧ್ಯೆ ನಿಂತು ಗಿಟಾರ್ ಬಾರಿಸುತ್ತಿದ್ದುದನ್ನು ನೋಡಿದರು. ಹೆಗಲ ಟವೆಲಿನಿಂದ ಬೆವರು ಒರೆಸಿಕೊಂಡು, ನನ್ನ ಪಕ್ಕದ ಕುರ್ಚಿಯಲ್ಲಿ ಸಮಾಧಾನವಾಗಿ ಕೂತರು.

"ಹೋಗಲಿ ಬಿಡ್ರಿ" ಅಂದರು. "ಹುಡುಗಿ ಕೈ ಬಿಟ್ಟು ಐದು ನಿಮಿಷ ಆಗಿಲ್ಲ, ಆಗಲೇ ಹಳೇ ಕೆಲಸಕ್ಕೆ ತಗಂಡಾರೆ. ಎಂಥಾ ಒಳ್ಳೇ ಮಂದಿ!"